ಆ ಟ್ರಂಕನ್ನ ಗುಜರಿಗೆ ಹಾಕ್ಬೇಡಿ ಮೇಷ್ಟ್ರೇ

ಈ ತಿಂಗಳು ನಮ್ಮ ಪತ್ರಿಕೆಗೆ ಬಂದ ಪತ್ರಗಳಲ್ಲಿ ದಾವಣಗೆರೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರೊಬ್ಬರದ್ದು ನನ್ನ ನಿದ್ದೆ ಕೆಡಿಸ್ತು. ಅವರು ಬರೆದಿರೋದು ಇಷ್ಟು: "ನೀವು ಕೊನೇ ಪುಟದಲ್ಲಿ ನೂರು ವರ್ಷದ ಹಿಂದಿನ ಸರ್ಕಾರಿ ಪ್ರಕಟಣೆಗಳ ಬಗ್ಗೆ ಬರೀತಿದೀರಿ. ತಾಲ್ಲೂಕು ಅಮಲ್ದಾರರ ಹುಕುಂ, ದಿವಾನರ ರೆಗ್ಯುಲೇಷನ್, ಇದೆಲ್ಲ ಅಧಿಕಾರದಲ್ಲಿದ್ದವರ ದರ್ಪದ ಕಾಗದ. ಅದರಲ್ಲಿ ಜನ ಎಲ್ಲಿದಾರೆ? ಭಾಷೆ ನೋಡಿದ್ರೆ ಅರ್ಧ ಪಾರ್ಸಿ. ಆ ಜಾಗದಲ್ಲಿ ಒಂದು ಒಳ್ಳೆ ಕಥೆ ಹಾಕಿ." ಇಷ್ಟಕ್ಕೇ ನಿಲ್ಲಿಸಿದ್ರೆ ನಾನೂ ಎರಡು ಸಾಲಲ್ಲಿ ಉತ್ತರ ಬರೆದು ಸುಮ್ಮನಾಗ್ತಿದ್ದೆ. ಆದ್ರೆ ಕೊನೇಲಿ ಒಂದು ಮಾತು ಸೇರಿಸಿದಾರೆ: "ನಮ್ಮ ತಾತ ಶಾನುಭೋಗರು, ಇಂಥದ್ದೇ ಕಾಗದ ಒಂದು ಟ್ರಂಕು ತುಂಬ ಅಟ್ಟದ ಮೇಲಿದೆ, ಹಬ್ಬಕ್ಕೆ ಮನೆ ಸುಣ್ಣ ಹೊಡೆಸುವಾಗ ಗುಜರಿಗೆ ಹಾಕ್ತೀವಿ."

ಮೇಷ್ಟ್ರೇ, ಸ್ವಲ್ಪ ತಡೀರಿ.

ಮೊದಲು ನಿಮ್ಮ ಮಾತಲ್ಲಿರೋ ನಿಜ ಒಪ್ಕೋತೀನಿ. ದರ್ಪ ಇತ್ತು. ಮೈಸೂರಲ್ಲಿ 1908ರಲ್ಲಿ ಪತ್ರಿಕೆಗಳ ಮೇಲೆ ಒಂದು ರೆಗ್ಯುಲೇಷನ್, ಅಂದ್ರೆ ಕಾನೂನು, ಬಂತು, ಸರ್ಕಾರದ ಅಪ್ಪಣೆ ಇಲ್ಲದೆ ಯಾರೂ ಪತ್ರಿಕೆ ನಡೆಸೋ ಹಾಗಿಲ್ಲ, ಕೊಟ್ಟ ಅಪ್ಪಣೆಯನ್ನ ಯಾವಾಗ ಬೇಕಾದ್ರೂ ಸರ್ಕಾರ ವಾಪಸ್ ತಗೋಬಹುದು. ತಾತಯ್ಯ ಅಂತ ಊರೆಲ್ಲ ಕರೀತಿದ್ದ ಎಂ. ವೆಂಕಟಕೃಷ್ಣಯ್ಯನವರು ಇದಕ್ಕೆ ತಲೆಬಾಗೋ ಬದಲು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದ್ರು. ಇದನ್ನ ಒಳ್ಳೇ ಕಾಗದ ಅಂತ ಯಾವ ಪತ್ರಿಕೆಯ ಸಂಪಾದಕನೂ ಹೇಳಲ್ಲ, ನಾನಂತೂ ಹೇಳಲ್ಲ. ಸರಿ, ಒಪ್ಕೊಂಡಿದ್ದಾಯ್ತು.

ಈಗ ನನ್ನ ಮಾತು ಕೇಳಿ. ಸರ್ಕಾರಿ ಪ್ರಕಟಣೇನ ನೆಟ್ಟಗೆ ಓದಿದ್ರೆ ದರ್ಪವೇ ಕಾಣೋದು. ಅದನ್ನ ಮಗುಚಿ ಹಾಕಿ ಓದ್ಬೇಕು. "ಹೀಗೆ ಮಾಡಕೂಡದು" ಅಂತ ಒಂದು ಕಾಗದ ಹೊರಟಿದೆ ಅಂದ್ರೆ ಯಾರೋ ಹಾಗೆ ಮಾಡ್ತಿದ್ರು, ತುಂಬಾ ಜನ ಮಾಡ್ತಿದ್ರು, ಅಮಲ್ದಾರರಿಗೆ ತಲೆನೋವಾಗೋಷ್ಟು ಮಾಡ್ತಿದ್ರು. ಅದೇ ಕಾಗದ ಮೂರು ವರ್ಷ ಬಿಟ್ಟು ಮತ್ತೆ ಹೊರಟಿದೆ ಅಂದ್ರೆ ಮೊದಲನೇ ಸಲ ಯಾರೂ ಕೇಳಲಿಲ್ಲ ಅಂತ. ಜನ ಎಲ್ಲಿದಾರೆ ಅಂತ ಕೇಳಿದ್ರಲ್ಲ, ಅಲ್ಲೇ ಇದಾರೆ, ಆ "ಕೂಡದು" ಅನ್ನೋ ಪದದ ಹಿಂದೆ ಅವಿತುಕೊಂಡು.

ಗಂಧದ ಮರ ತಗೊಳ್ಳಿ. ಮೈಸೂರು ಸಂಸ್ಥಾನದಲ್ಲಿ ಅದು ರಾಜಮರ, ನಿಮ್ಮ ಹೊಲದ ಬದುವಲ್ಲೇ ಬೆಳೆದಿದ್ರೂ ಸರ್ಕಾರದ್ದು. ಟಿಪ್ಪು ಕಾಲದಿಂದ ಬಂದ ಪದ್ಧತಿ. ಆಮೇಲಿನ ಸರ್ಕಾರಗಳು ಬಿಡ್ತಾವಾ, 1916ರಲ್ಲಿ ಬೆಂಗಳೂರಲ್ಲಿ, ಆಮೇಲೆ ಮೈಸೂರಲ್ಲಿ ಗಂಧದೆಣ್ಣೆ ಫ್ಯಾಕ್ಟರಿ ಬೇರೆ ಶುರುವಾಯ್ತು. ಮರಕ್ಕೆ ಡ್ಯಾಮೇಜ್ ಮಾಡಕೂಡದು, ಕಡೀಕೂಡದು, ಕದೀಕೂಡದು ಅಂತ ನಿಯಮದ ಮೇಲೆ ನಿಯಮ. ನಮ್ಮಜ್ಜ ಹೆಗ್ಗಡದೇವನಕೋಟೆ ಕಡೆಯೋರು. ಅವರು ಬೆಳಗ್ಗೆ ಹೊಲಕ್ಕೆ ಹೋದ್ರೆ ಮೊದಲು ಬೇಲಿ ಸಾಲು ನೋಡೋರಂತೆ, ಹಕ್ಕಿ ಹಾಕಿದ ಬೀಜದಿಂದ ಎಲ್ಲಾದ್ರೂ ಗಂಧದ ಸಸಿ ಎದ್ದಿದ್ರೆ ಎರಡೆಲೆ ಇದ್ದಾಗ್ಲೇ ಕಿತ್ತು ಬಿಸಾಕೋರು. ಯಾಕೆ ಅಂದ್ರೆ, ಬೆಳೆದ್ರೆ ಗಾರ್ಡ್ ಬರ್ತಾನೆ, ಲೆಕ್ಕ ಬರ್ಕೋತಾನೆ, ಆಮೇಲೆ ಯಾರಾದ್ರೂ ಕಳ್ಳ ಕಡ್ಕೊಂಡ್ಹೋದ್ರೆ ಮೊದಲು ವಿಚಾರಣೆಗೆ ಕರೆಯೋದು ಅಜ್ಜನ್ನೇ. ಕಾನೂನು ಮರ ಉಳಿಸೋಕೆ ಹೊರಟು ಸಸಿ ಕೀಳೋ ಅಭ್ಯಾಸ ಕಲಿಸ್ತು. ಜಮೀನು ಯಾರದ್ದೋ ಅವರೇ ಗಂಧದ ಮಾಲೀಕರು ಅಂತ ಕರ್ನಾಟಕ ಸರ್ಕಾರ ಕಾನೂನು ತಿದ್ದಿದ್ದು ಯಾವಾಗ ಗೊತ್ತಾ, 2001ರಲ್ಲಿ. ನಮ್ಮಜ್ಜನ ಬೇಲಿಯ ಕಥೆ ನಿಮಗೆ ಯಾವ ಕಾದಂಬರಿಯಲ್ಲೂ ಸಿಗದೇ ಹೋಗಬಹುದು, ಆದ್ರೆ ಆ ನಿಯಮಗಳನ್ನ ಒಂದರ ಹಿಂದೆ ಒಂದು ಜೋಡಿಸಿಟ್ಟು ನೋಡಿ, ಅಜ್ಜ ಅಲ್ಲೇ ಬಗ್ಗಿ ಸಸಿ ಕೀಳ್ತಾ ಕಾಣ್ತಾರೆ.

ಇನ್ನು ಪ್ಲೇಗು. ಇದ್ರ ಬಗ್ಗೆ ಬರೆಯೋಕೆ ಕೂತ್ರೆ ನನಗೆ ನಿಲ್ಲಿಸೋಕಾಗಲ್ಲ, ಮನೇಲೂ ಬೈತಾರೆ. 1896ರಲ್ಲಿ ಬೊಂಬಾಯಿಗೆ ಬಂದಿದ್ದು 1898ರ ಆಗಸ್ಟ್ ಹೊತ್ತಿಗೆ ಹುಬ್ಬಳ್ಳಿ ಕಡೆಯಿಂದ ರೈಲಿನ ಜೊತೆ ಬೆಂಗಳೂರು ಮುಟ್ತು. ಅಷ್ಟರಲ್ಲಿ ಬ್ರಿಟಿಷ್ ಇಂಡಿಯಾದಲ್ಲಿ 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆ ಆಗಿತ್ತು. ನಾಲ್ಕೇ ನಾಲ್ಕು ಸೆಕ್ಷನ್. ಒಂದನೇದು ಹೆಸರು, ಎರಡನೇದು ಸರ್ಕಾರ ಏನು ಬೇಕಾದ್ರೂ ನಿಯಮ ಮಾಡಬಹುದು ಅಂತ, ಮೂರನೇದು ಮೀರಿದೋರಿಗೆ ಶಿಕ್ಷೆ, ನಾಲ್ಕನೇದು ಒಳ್ಳೇ ಉದ್ದೇಶದಿಂದ ಕೆಲಸ ಮಾಡಿದೋರ ಮೇಲೆ ಯಾರೂ ದಾವೆ ಹಾಕೋ ಹಾಗಿಲ್ಲ ಅಂತ. ನಾನು ಯಾವಾಗ್ಲೂ ಆ ನಾಲ್ಕನೇದರ ಹತ್ರ ನಿಂತ್ಕೋತೀನಿ. ಜನ ಕೋರ್ಟಿಗೆ ಹೋಗ್ತಾರೆ ಅಂತ ಕಾಯ್ದೆ ಬರೆಯುವಾಗ್ಲೇ ಗೊತ್ತಿತ್ತು ಅಂತಾಯ್ತಲ್ಲ! ಅದೇ ವರ್ಷ ಜೂನಲ್ಲಿ ಪುಣೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್‌ನನ್ನ ಚಾಪೇಕರ್ ಸಹೋದರರು ಗುಂಡು ಹೊಡೆದು ಕೊಂದ್ರು, ಕೋರ್ಟಿಗೆ ಹೋಗೋಷ್ಟು ತಾಳ್ಮೆ ಅವರಿಗಿರಲಿಲ್ಲ.

ನಮ್ಮ ಕಡೆ ಪ್ಲೇಗ್ ಕಮಿಷನರ್ ಆಗಿದ್ದವರು ವಿ.ಪಿ. ಮಾಧವರಾವ್, ಆಮೇಲೆ ದಿವಾನರಾದ್ರು (ಮೇಲೆ ಹೇಳಿದ ಪತ್ರಿಕಾ ಕಾನೂನು ಬಂದಿದ್ದು ಇವರ ದಿವಾನಗಿರಿಯಲ್ಲೇ, ಮನುಷ್ಯರು ಒಂದೇ ಬಣ್ಣದಲ್ಲಿರಲ್ಲ). ಆಗಿನ ಪ್ಲೇಗಿನ ನಿಯಮ ಇವು: ರೋಗಿ ಇದ್ರೆ ತಿಳಿಸ್ಬೇಕು, ಮನೆ ಖಾಲಿ ಮಾಡ್ಬೇಕು, ಹೆಂಚು ತೆಗೆದು ಬಿಸಿಲು ಬಿಡ್ಬೇಕು, ಹೆಣ ತೋರಿಸದೆ ಸಾಗಿಸಕೂಡದು. ಇದನ್ನೀಗ ಮಗುಚಿ ಓದಿ. ರೋಗಿಗಳನ್ನ ಹಿತ್ತಲ ಕೋಣೆಯಲ್ಲಿ ಬಚ್ಚಿಡ್ತಿದ್ರು. ರಾತ್ರೋರಾತ್ರಿ ಹೆಣ ಎತ್ತುತಿದ್ರು. ಮನೇಲಿ ಇಲಿ ಸತ್ತು ಬಿದ್ರೂ ಬಿದ್ದಿಲ್ಲ ಅಂತಿದ್ರು, ಯಾಕಂದ್ರೆ ಬಿದ್ದಿದೆ ಅಂದ ತಕ್ಷಣ ಊರಾಚೆ ಗುಡಿಸಲು. ನನ್ನ ಅಜ್ಜಿ "ಇಲಿ ಬಿತ್ತು" ಅಂತ ಹೇಳುವಾಗ ಧ್ವನಿ ತಗ್ಗಿಸ್ತಿದ್ರು, ಪ್ಲೇಗು ಹೋಗಿ ಅದೆಷ್ಟೋ ವರ್ಷ ಆದ್ಮೇಲೂ. ಬೆಂಗಳೂರಲ್ಲಿ ಬಸವನಗುಡಿ, ಮಲ್ಲೇಶ್ವರ ಅಂತ ಅಗಲ ರಸ್ತೆಯ ಬಡಾವಣೆಗಳು ಬೆಳೆದಿದ್ದು ಈ ಪ್ಲೇಗಿನ ಗಾಳಿಯಲ್ಲೇ, ಸರ್ಕಾರ ಬಡಾವಣೆ ಮಾಡ್ತು, ಜನ ಪ್ಲೇಗಮ್ಮನಿಗೆ ಗುಡಿ ಕಟ್ಟಿದ್ರು, ಎರಡೂ ಇವತ್ತಿಗೂ ಇದಾವೆ.

ಆ 1897ರ ಕಾಯ್ದೆಯನ್ನೇ 2020ರ ಮಾರ್ಚಲ್ಲಿ ಧೂಳು ಕೊಡವಿ ನಮ್ಮ ಮೇಲೆ ಹಾಕಿದ್ರು ಅನ್ನೋದು ನಿಮಗೆ ನೆನಪಿರುತ್ತೆ. ಆಮೇಲೆ ಕರ್ನಾಟಕ ತನ್ನದೇ ಕಾಯ್ದೆ ಮಾಡ್ಕೊಂಡಿತು. ನಾವು ಎಷ್ಟು ಜನ ಆಗ ಜ್ವರ ಬಂದಿದ್ದನ್ನ ಪಕ್ಕದ ಮನೆಗೆ ಹೇಳದೆ ಬಚ್ಚಿಟ್ವಿ, ಕೈ ಎತ್ತಿ ನೋಡೋಣ. ಬಾಗಿಲಿಗೆ ಸ್ಟಿಕ್ಕರ್ ಅಂಟಿಸ್ತಾರೆ ಅಂತ ಹೆದರಿ.

ಇನ್ನೊಂದು. ಮೈಸೂರು ಸರ್ಕಾರ 1894ರಲ್ಲಿ ಬಾಲ್ಯವಿವಾಹದ ಮೇಲೆ ಒಂದು ರೆಗ್ಯುಲೇಷನ್ ಮಾಡ್ತು. ಎಂಟು ವರ್ಷ ತುಂಬದ ಹುಡುಗೀನ ಮದುವೆ ಮಾಡಕೂಡದು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗೀನ ಮದುವೆ ಆಗಕೂಡದು. ಇಷ್ಟೇ. ನಿಮ್ಮ ಮೊಮ್ಮಗಳು ಎಷ್ಟನೇ ಕ್ಲಾಸು ಮೇಷ್ಟ್ರೇ? ಎಂಟು ಅನ್ನೋ ಅಂಕಿ ಎಷ್ಟು ಚೌಕಾಸಿ ಆಗಿ ಬಂದಿರ್ಬೇಕು ಯೋಚಿಸಿ, ಅಷ್ಟಕ್ಕೇ ಧರ್ಮ ಮುಳುಗ್ತು ಅಂತ ಗಲಾಟೆ. ಮತ್ತೆ ಆ ಐವತ್ತು ದಾಟಿದ ಮುದುಕ! ಅವನಿಗೋಸ್ಕರ ಬೇರೆಯೇ ನಿಯಮ ಬರೀಬೇಕಾಯ್ತು ಅಂದ್ರೆ ಅವನೊಬ್ಬ ಇರಲಿಲ್ಲ, ಬೀದಿಗೊಬ್ಬ ಇದ್ದ. ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಗೆ ಹದಿನಾಲ್ಕು ಅಂತ ಶಾರದಾ ಕಾಯ್ದೆ ಆಗೋ ಹೊತ್ತಿಗೆ 1929.

1909ರಲ್ಲಿ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿ ಮೈಸೂರು ಸರ್ಕಾರ ಹುಕುಂ ಮಾಡ್ತು. ಒಳ್ಳೇದೇ ಆಯ್ತು ಅಂತ ನಾವು ಓದಿ ಪುಟ ತಿರುಗಿಸ್ತೀವಿ. ಆದ್ರೆ ನಂಜನಗೂಡಿನ ದೇವಸ್ಥಾನದ ಆ ಹೆಂಗಸರು ನಮ್ಮ ಹಕ್ಕು ಕಿತ್ಕೋಬೇಡಿ ಅಂತ ಸರ್ಕಾರಕ್ಕೆ ಅರ್ಜಿ ಹಾಕಿದ್ರು. ಆ ಅರ್ಜಿ ಉಳಿದಿದ್ದು ಯಾರದೋ ಆತ್ಮಕಥೆಯಲ್ಲಲ್ಲ, ಫೈಲಲ್ಲಿ. ಗುಮಾಸ್ತರೊಬ್ಬರು ಷರಾ ಬರೆದು ದಾರ ಕಟ್ಟಿ ಇಟ್ಟಿದ್ದಕ್ಕೆ.

ಒಂದೊಂದು ಪ್ರಕಟಣೆಗೆ ಆಯುಸ್ಸೂ ಜಾಸ್ತಿ. ಕೊಡಗಲ್ಲಿ ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿಂದ ವಿನಾಯಿತಿ ಇದೆಯಲ್ಲ, ಅದರ ಬೇರು ಹತ್ತೊಂಬತ್ತನೇ ಶತಮಾನದ ಪ್ರಕಟಣೆಯಲ್ಲಿದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸ್ತು. ನೀವು ಸತ್ತ ಕಾಗದ ಅಂತೀರಿ, ಅದು ಇವತ್ತಿಗೂ ಹೆಗಲಿಗೆ ಕೋವಿ ಏರಿಸ್ಕೊಂಡು ಕೈಲ್ ಪೊಳ್ದ್ ಅನ್ನೋ ಆಯುಧದ ಹಬ್ಬ ಮಾಡ್ತಿದೆ.

ಈಗ ನಿಮ್ಮ ಪಾರ್ಸಿ ತಕರಾರಿಗೆ ಬರ್ತೀನಿ. ನೋಡಿ, "ತಕರಾರು" ಅನ್ನೋದೇ ಆ ಕಡೆಯ ಪದ. ಜಪ್ತಿ, ವಸೂಲಿ, ಮಹಜರು, ದಸ್ತಾವೇಜು, ರವಾನೆ. ಇವನ್ನೆಲ್ಲ ತೆಗೆದ್ರೆ ನಮ್ಮ ಹಳ್ಳಿಯಲ್ಲಿ ಜಗಳ ಆಡೋಕೇ ಆಗಲ್ಲ. ಆಗ ಕನ್ನಡ ಮಾತಾಡೋರು ಒಂದೇ ಸರ್ಕಾರದ ಕೆಳಗೂ ಇರಲಿಲ್ಲ, ಮೈಸೂರು, ಬೊಂಬಾಯಿ, ಮದರಾಸು, ನಿಜಾಮರು, ಕೊಡಗು, ಮಧ್ಯೆ ಮಧ್ಯೆ ಸಂಡೂರು ಮುಧೋಳ ಜಮಖಂಡಿ ಅಂತ ಚಿಕ್ಕ ಸಂಸ್ಥಾನಗಳು. ಧಾರವಾಡದ ಕಡೆ ಮರಾಠಿ ಗಾಳಿ, ಕಲಬುರಗಿ ಕಡೆ ಸರ್ಕಾರದ ಭಾಷೆಯೇ ಉರ್ದು. ಬೆಂಗಳೂರೊಂದರಲ್ಲೇ ಪೇಟೆ ಮಹಾರಾಜರದ್ದು, ದಂಡು ಬ್ರಿಟಿಷ್ ರೆಸಿಡೆಂಟರದ್ದು, ರಸ್ತೆ ದಾಟಿದ್ರೆ ಕಾನೂನೇ ಬೇರೆ. ಇಷ್ಟು ಕಿಚಡಿಯಲ್ಲೂ ಮೈಸೂರಿನ ಕನ್ನಡ ಪ್ರಕಟಣೆಗಳಿಗೆ ಒಂದು ಗುಣ ಇತ್ತು, ಅವನ್ನ ಬಾಯಿಬಿಟ್ಟು ಓದಬಹುದಿತ್ತು. ಓದಲೇಬೇಕಿತ್ತು. ಯಾಕಂದ್ರೆ ಚಾವಡಿ ಗೋಡೆಗೆ ಅಂಟಿಸಿದ್ರೆ ಓದೋರು ಎಷ್ಟು ಜನ? ಶಾನುಭೋಗರು ಓದಿ ಹೇಳ್ಬೇಕು, ತಳವಾರ ತಮಟೆ ಬಡಿದು ಸಾರ್ಬೇಕು. ತಳವಾರನ ಬಾಯಲ್ಲಿ ನಿಲ್ಲದ ವಾಕ್ಯ ಊರಿಗೆ ಮುಟ್ಟೋದೇ ಇಲ್ಲ.

ಇವತ್ತಿನ ಆದೇಶ ಒಂದನ್ನ ತಳವಾರನ ಕೈಗೆ ಕೊಡಿ ನೋಡೋಣ. "ಮೇಲೆ ಓದಲಾದ ಕ್ರಮಾಂಕ ಎರಡರಲ್ಲಿನ ಆದೇಶದನ್ವಯ ಪ್ರಸ್ತಾವನೆಯಲ್ಲಿ ವಿವರಿಸಿರುವ ಅಂಶಗಳ ಹಿನ್ನೆಲೆಯಲ್ಲಿ" ಅನ್ನೋಷ್ಟರಲ್ಲಿ ಅವನು ತಮಟೆ ಕೆಳಗಿಟ್ಟು ಬೀಡಿ ಹಚ್ತಾನೆ. ಇಂಗ್ಲಿಷಲ್ಲಿ ಯೋಚಿಸಿ, ಸಂಸ್ಕೃತದಲ್ಲಿ ಅದ್ದಿ, ಕನ್ನಡದಲ್ಲಿ ಒಣಗಿಸಿದ ಭಾಷೆ ಅದು. ಪಾರ್ಸಿ ಎಷ್ಟೋ ವಾಸಿ.

ಭಾಷೆ ಹಾಳಾಗ್ಲಿ, ಕಾಗದವಾದ್ರೂ ಸಿಗ್ಬೇಕಲ್ಲ. ಹೋದ ವರ್ಷ ನನಗೆ ಒಂದು ಸುತ್ತೋಲೆ ಬೇಕಾಗಿತ್ತು, ಬರೀ ಹದಿನೈದು ವರ್ಷ ಹಳೇದು. ಒಂದು ಕಚೇರಿಗೆ ಹೋದೆ, ಯಾವುದು ಅಂತ ಬೇಡ. ಆನ್‌ಲೈನಲ್ಲಿದೆ ಸಾರ್ ಅಂದ್ರು. ಆನ್‌ಲೈನಲ್ಲಿ ನೋಡಿದ್ರೆ ಲಿಂಕ್ ಸತ್ತಿದೆ. ಮತ್ತೆ ಹೋದೆ. ಹುಡುಕಿ ಕೊಟ್ಟ ಪಿಡಿಎಫ್ ಓರೆಯಾಗಿ ಸ್ಕ್ಯಾನ್ ಆಗಿದೆ, ಎಡಗಡೆ ಒಂದೊಂದು ಅಕ್ಷರ ಇಲ್ಲ, ಮಧ್ಯೆ ಯಾರದೋ ಹೆಬ್ಬೆರಳು. ಇನ್ನೊಂದು ಕಾಪಿ ಟೈಪ್ ಮಾಡಿದ್ದು ಸಿಕ್ತು, ಅದು ಹಳೇ ನುಡಿ ಫಾಂಟು, ಕಾಪಿ ಮಾಡಿ ಅಂಟಿಸಿದ್ರೆ ಕನ್ನಡ ಹೋಗಿ ಲ್ಯಾಟಿನ್ ಅಕ್ಷರದ ಮೇಲೆಲ್ಲ ಚುಕ್ಕಿ ಕೊಂಬು ಮೂಡಿರೋ ಯಾವುದೋ ಮಂತ್ರ ಬರುತ್ತೆ, ಹುಡುಕೋಕೆ ಆಗಲ್ಲ. ನಾನು 1911ರ ಒಂದು ಗೆಜೆಟ್ ಹಾಳೆಯನ್ನ ಕನ್ನಡಕ ಇಲ್ಲದೆ ಓದಬಲ್ಲೆ, ಮೊನ್ನೆ ಮೊನ್ನೆಯ ಸುತ್ತೋಲೆ ಓದೋಕೆ ಎಂಜಿನಿಯರ್ ಮಗನ್ನ ಕರೀಬೇಕು. ಈಗಂತೂ ಅದೂ ಇಲ್ಲ, ವಾಟ್ಸಾಪಲ್ಲಿ ಬರುತ್ತೆ, ನಿಜವೋ ಸುಳ್ಳೋ ಗೊತ್ತಾಗೋಷ್ಟರಲ್ಲಿ "ಈ ಸಂದೇಶವನ್ನು ಅಳಿಸಲಾಗಿದೆ". ನೂರು ವರ್ಷ ಆದ್ಮೇಲೆ ನಮ್ಮ ಮರಿಮಕ್ಕಳು ನಾವು ಯಾವುದಕ್ಕೆ ಹೆದರ್ತಿದ್ವಿ, ಏನು ಬಚ್ಚಿಡ್ತಿದ್ವಿ, ಯಾವ ಸಸಿ ಕೀಳ್ತಿದ್ವಿ ಅಂತ ಎಲ್ಲಿಂದ ಓದ್ತಾರೆ?

ಕಥೆ ಹಾಕಿ ಅಂದ್ರಿ, ಹಾಕ್ತೀನಿ, ಮುಂದಿನ ಸಂಚಿಕೆಯಿಂದ ಎರಡು ಪುಟ ಜಾಸ್ತಿ ಮಾಡಿಯಾದ್ರೂ. ಆದ್ರೆ ಗೆಜೆಟ್ ಪುಟ ತೆಗೆಯಲ್ಲ. ನಲವತ್ತು ವರ್ಷ ಹುಡುಗರಿಗೆ "ಸಾಲುಗಳ ಮಧ್ಯೆ ಓದ್ರೋ" ಅಂತ ಪಾಠ ಮಾಡಿದೋರು ನೀವು, ನಿಮಗೆ ನಾನು ಹೇಳ್ಕೊಡೋದು ಅಧಿಕಪ್ರಸಂಗ, ಗೊತ್ತು.

ಆ ಟ್ರಂಕಿನ ವಿಷಯ. ಶಾನುಭೋಗಿಕೆ 1963ರಲ್ಲಿ ರದ್ದಾದಾಗ ಲೆಕ್ಕದ ಪುಸ್ತಕ ಸರ್ಕಾರಕ್ಕೆ ಹೋಗಿರುತ್ತೆ, ಆದ್ರೆ ನಕಲು, ಕೈಚೀಟಿ, ತಮಟೆ ಬಡಿಸಿ ಸಾರಿದ್ದಾದ್ಮೇಲೆ ಮಡಿಚಿಟ್ಟ ಪ್ರಕಟಣೆ, ಹಿಂದುಗಡೆ ಪೆನ್ಸಿಲಲ್ಲಿ ಬರೆದ ಹಾಲಿನ ಲೆಕ್ಕ, ಇವೆಲ್ಲ ಇಂಥ ಟ್ರಂಕಲ್ಲೇ ಉಳಿಯೋದು. ಗುಜರಿಯೋನು ಕೆಜಿ ಲೆಕ್ಕದಲ್ಲಿ ಕೊಡೋ ದುಡ್ಡಿನ ಮೂರರಷ್ಟು ನಾನು ಕೊಡ್ತೀನಿ. ಸುಣ್ಣದೋರು ಬರೋ ಮುಂಚಿನ ಭಾನುವಾರ ಬೆಳಗಿನ ಬಸ್ಸಿಗೆ ದಾವಣಗೆರೆಗೆ ಬರ್ತೀನಿ, ಬೆಣ್ಣೆದೋಸೆ ಖರ್ಚೂ ನನ್ನದೇ. ನೀವು ಅಟ್ಟಕ್ಕೆ ಹತ್ತೋಕೆ ಹೋಗ್ಬೇಡಿ ಈ ವಯಸ್ಸಲ್ಲಿ, ನುಸಿಗುಳಿಗೆ ಮಾತ್ರ ಒಂದು ನಾಲ್ಕು ಯಾರ ಕೈಲಾದ್ರೂ ಹಾಕಿಸಿಟ್ಟಿರಿ.

— ಸಂ.