ಬಾಕಿ ಉಳಿದ ಪ್ರಾರ್ಥನೆ

ಹೊಸ ಕೆಲಸ, ದೂರದ ಓಟದ ತಯಾರಿ, ದೇವರ ಮೇಲಿನ ನಂಬಿಕೆ. ಈ ಮೂರನ್ನೂ ಒಟ್ಟಿಗೆ ಹೊತ್ತುಕೊಂಡು ಸುಸ್ತಾಗಿ ನನ್ನ ಬಳಿ ಆಪ್ತಸಲಹೆಗೆ ಬರುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಕೆಲವರದ್ದು ಓಟ, ಕೆಲವರದ್ದು ಸೈಕಲ್, ಇನ್ನು ಕೆಲವರದ್ದು ಬೆಟ್ಟ ಹತ್ತುವುದು. ಕೇಳುವುದು ಮಾತ್ರ ಹೆಚ್ಚುಕಡಿಮೆ ಒಂದೇ: "ಒಂದು ಒಳ್ಳೆಯ ಟೈಮ್‌ಟೇಬಲ್ ಹಾಕಿಕೊಡಿ." ನಾನು ಹಾಕಿಕೊಡುವುದಿಲ್ಲ. ಯಾಕೆ ಅನ್ನುವುದನ್ನು ಒಬ್ಬ ಯುವಕನ ಪ್ರಕರಣ ಇಟ್ಟುಕೊಂಡು ಹೇಳುತ್ತೇನೆ. ಬರೆಯಲು ಅವನ ಒಪ್ಪಿಗೆ ಇದೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಮೂವತ್ತರ ಒಳಗಿನ ವಯಸ್ಸು. ಕ್ರೈಸ್ತ ಮನೆತನ, ಆದರೆ ಸುಮ್ನೆ ಮನೆಯವರ ಜೊತೆ ಹೋಗಿಬರುವ ನಂಬಿಕೆ ಅಲ್ಲ, ತಾನೇ ಮನಸ್ಸಿಟ್ಟು ಹಿಡಿದದ್ದು. ಭಾನುವಾರ ಆರಾಧನೆ, ಮಕ್ಕಳಿಗೆ ಸಂಡೇ ಸ್ಕೂಲ್ ಪಾಠ, ದಿನಾ ಬೆಳಗ್ಗೆ ಬೈಬಲ್ ಓದು, ಪ್ರಾರ್ಥನೆ. ಜೊತೆಗೆ ಕಾಡುದಾರಿಯ ಓಟ. 50 ಕಿಲೋಮೀಟರಿನ ಒಂದು ಸ್ಪರ್ಧೆಗೆ ಹೆಸರು ಕೊಟ್ಟಿದ್ದ. ಮ್ಯಾರಥಾನ್ ಇರುವುದು 42.195 ಕಿಲೋಮೀಟರು, ಅದಕ್ಕಿಂತ ಉದ್ದದ್ದೆಲ್ಲ ಅಲ್ಟ್ರಾ. ಅದು ಅವನ ಮೊದಲ ಅಲ್ಟ್ರಾ ಆಗಬೇಕಿತ್ತು. ಅಷ್ಟರಲ್ಲಿ ಹೊಸ ಕೆಲಸ ಸಿಕ್ಕಿತು. ಆರು ತಿಂಗಳ ಪ್ರೊಬೇಷನ್, ರಾತ್ರಿ ತಡವಾದರೂ ಮುಗಿಯದ ಕರೆಗಳು, ತನಗಿಂತ ಹೆಚ್ಚು ಗೊತ್ತಿರುವವರ ನಡುವೆ ದಿನಾ ಕೂರುವ ಭಯ.

ನನ್ನ ಬಳಿ ಬಂದಾಗ ಐದು ಗಂಟೆ ನಿದ್ದೆ ಮಾಡುತ್ತಿದ್ದ. ನೆಗಡಿ ಬಿಟ್ಟುಬಿಟ್ಟು ಬರುತ್ತಿತ್ತು. ಬೆಳಗ್ಗೆ ಎದ್ದಾಗಿನ ನಾಡಿ ಬಡಿತ ಮೊದಲಿಗಿಂತ ಏರಿತ್ತು, ಅದೇ ದಾರಿಯಲ್ಲಿ ಅದೇ ವೇಗಕ್ಕೆ ಕಾಲು ಭಾರವಾಗುತ್ತಿತ್ತು. ದೇಹ ದಣಿದು ಚೇತರಿಸಿಕೊಳ್ಳುತ್ತಿಲ್ಲ ಎನ್ನುವ ಈ ಲಕ್ಷಣಗಳು ಓಟ ಗೊತ್ತಿರುವವರಿಗೆ ಗೊತ್ತು. ನಾನು ಮೊದಲು ಕಳಿಸಿದ್ದು ವೈದ್ಯರ ಹತ್ತಿರ. ರಕ್ತಹೀನತೆಯೋ ಥೈರಾಯ್ಡ್ ತೊಂದರೆಯೋ ಇದ್ದರೆ ಅದನ್ನು ಮಾತಿನಿಂದ ವಾಸಿ ಮಾಡಲು ಆಗುವುದಿಲ್ಲ. ವರದಿಯಲ್ಲಿ ದೊಡ್ಡದೇನೂ ಬರಲಿಲ್ಲ. "ವಿಶ್ರಾಂತಿ ತಗೊಳ್ಳಿ" ಎಂದು ವೈದ್ಯರು ಹೇಳಿದರು. ಅವನಿಂದ ಆಗದೇ ಇದ್ದದ್ದು ಅದೊಂದೇ.

ಮೂರನೆಯ ಭೇಟಿಗೆ ಬರುವಾಗ ತನ್ನ ತರಬೇತಿ ಪುಸ್ತಕ ತಂದಿದ್ದ. ಟೈಮ್‌ಟೇಬಲ್ ಹಾಕಲು ನನಗೆ ಅನುಕೂಲವಾಗಲಿ ಅಂತ. ಚೌಕುಳಿ ಹಾಳೆಯ ನೋಟ್‌ಬುಕ್, ಸ್ಕೇಲ್ ಇಟ್ಟು ಎಳೆದ ಗೆರೆಗಳು. ದಿನಾಂಕ, ದೂರ, ಏರು, ನಾಡಿ, ನಿದ್ದೆ. ಕೊನೆಯ ಕಾಲಮ್ಮಿನ ತಲೆಯಲ್ಲಿ "ಪ್ರಾ" ಎಂದಿತ್ತು. ಅದರ ಕೆಳಗೆ 30, 30, 25, 0, 30. ಸೊನ್ನೆ ಬಂದ ಕಡೆ ಕೆಂಪು ಪೆನ್ನಿನಲ್ಲಿ ಒಂದು ಸಣ್ಣ "ಬಾಕಿ". ಪುಟದ ಅಡಿಯಲ್ಲಿ ಬಾಕಿ ನಿಮಿಷಗಳ ಮೊತ್ತ, ಮುಂದಿನ ಪುಟದ ತಲೆಯಲ್ಲಿ ಅದೇ ಮೊತ್ತ ಮತ್ತೆ. ಹೊಸ ಕೆಲಸ ಸೇರಿದ ಮೇಲಿನ ಪುಟಗಳಲ್ಲಿ ಆ ಸಂಖ್ಯೆ ಬೆಳೆಯುತ್ತಲೇ ಹೋಗಿತ್ತು.

"ಇದೇನು?" ಎಂದೆ.

"ತಪ್ಪಿಹೋದ ಪ್ರಾರ್ಥನೆ. ರಜೆ ಸಿಕ್ಕಾಗ ತೀರಿಸೋಣ ಅಂತ."

ನಾನು ತಕ್ಷಣ ಏನೂ ಹೇಳಲಿಲ್ಲ. ಪುಟ ಹಿಂದೆ ತಿರುವಿದೆ. ಓಟ ತಪ್ಪಿದ ದಿನಗಳೂ ಇದ್ದವು. ಮಳೆಗೆ ಒಂದು, ಕಾಲು ನೋವಿಗೆ ಎರಡು. ಅಲ್ಲಿ ಸುಮ್ನೆ ಒಂದು ಅಡ್ಡಗೆರೆ. ಕೆಂಪು ಇಲ್ಲ, ಬಾಕಿ ಇಲ್ಲ.

"ತಪ್ಪಿದ ಓಟ ಯಾಕೆ ಮುಂದಕ್ಕೆ ತಗೊಂಡಿಲ್ಲ?"

ಅವನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಹಾಗೆ ಮಾಡಬಾರದು. ಸೋಮವಾರದ್ದು ತಪ್ಪಿತು ಅಂತ ಮಂಗಳವಾರ ಎರಡನ್ನೂ ಓಡಿದರೆ ಗಾಯ ಆಗುತ್ತೆ. ಹೋಗಿದ್ದು ಹೋಯ್ತು, ಇವತ್ತಿನದ್ದು ಓಡಬೇಕು. ಓಟ ಕಲಿಯುವವರಿಗೆ ಮೊದಲು ಹೇಳೋದೇ ಇದನ್ನ."

"ದೇಹ ಹಳೆ ಸಾಲ ಕೇಳಲ್ಲ ಅಂತೀರಿ."

"ಕೇಳಲ್ಲ."

"ದೇವರು ಕೇಳ್ತಾರಾ?"

ಅವನು ಉತ್ತರ ಕೊಡಲಿಲ್ಲ. ಪುಸ್ತಕ ತನ್ನ ಕಡೆ ಎಳೆದುಕೊಂಡು ಆ ಕಾಲಮ್ಮನ್ನೇ ನೋಡುತ್ತಾ ಕೂತ. ತುಂಬಾ ಹೊತ್ತಾದ ಮೇಲೆ ಹೇಳಿದ: "ಭಾನುವಾರ ಆರಾಧನೆಯಲ್ಲಿ ಕಣ್ಣು ಮುಚ್ಚಿದ ಕೂಡಲೇ ನಿದ್ದೆ ಬರುತ್ತೆ. ಬೇರೆ ಎಲ್ಲೂ ಹಾಗೆ ಬರಲ್ಲ. ಮನೆಯಲ್ಲಿ ಮಲಗಿದರೂ ಬರಲ್ಲ. ಅದಕ್ಕೇ ಎರಡು ವಾರದಿಂದ ಹಿಂದಿನ ಸಾಲಲ್ಲಿ ನಿಂತುಕೊಳ್ತಿದ್ದೀನಿ."

ಟೈಮ್‌ಟೇಬಲ್ ಈ ಹುಡುಗನಿಗೆ ಮದ್ದಲ್ಲ ಎಂದು ನನಗೆ ಖಾತ್ರಿಯಾದದ್ದು ಆಗ. ಗಂಟೆಗಳ ಕೊರತೆ ಇದ್ದದ್ದು ನಿಜ. ಆದರೆ ಎರಡು ಗಂಟೆ ಬಿಡುವು ಹುಡುಕಿಕೊಟ್ಟಿದ್ದರೂ ಅದನ್ನು ಅವನು ಬಾಕಿ ತೀರಿಸಲು ಸುರಿಯುತ್ತಿದ್ದ. ಕೆಲಸದಲ್ಲಿ ಪ್ರೊಬೇಷನ್ ಇತ್ತಲ್ಲ, ಅದು ಅವನಿಗೆ ಗೊತ್ತಾಗದ ಹಾಗೆ ಮನೆಗೂ ಬಂದಿತ್ತು, ಆರಾಧನೆಗೂ ಬಂದಿತ್ತು. ಎಲ್ಲ ಕಡೆಯೂ ಯಾರೋ ಅಂಕ ಹಾಕುತ್ತಿದ್ದಾರೆ ಅನ್ನುವ ಭಾವ. ಓಟವೊಂದರಲ್ಲೇ ಅವನು ತನ್ನನ್ನು ಕ್ಷಮಿಸಿಕೊಳ್ಳುವುದನ್ನು ಕಲಿತಿದ್ದ.

ಪುಸ್ತಕದ ಮೊದಲ ಪುಟದಲ್ಲಿ ಬೈಬಲಿನ ಪತ್ರಗಳನ್ನು ಬರೆದ ಅಪೊಸ್ತಲ ಪೌಲನ ಒಂದು ಮಾತು ಬರೆದುಕೊಂಡಿದ್ದ. ಕೊರಿಂಥದವರಿಗೆ ಬರೆದ ಮೊದಲ ಪತ್ರ, 9ನೆಯ ಅಧ್ಯಾಯ. ಓಟಗಾರರೆಲ್ಲ ಓಡಿದರೂ ಬಹುಮಾನ ಒಬ್ಬನಿಗೇ, ಅದಕ್ಕೆ ನಾನು ನನ್ನ ದೇಹವನ್ನು ದಂಡಿಸಿ ಹತೋಟಿಯಲ್ಲಿ ಇಟ್ಟುಕೊಳ್ಳುತ್ತೇನೆ ಅನ್ನುವ ಭಾಗ. ಓಡುವ ಕ್ರೈಸ್ತರಿಗೆಲ್ಲ ಇಷ್ಟವಾದ ಅಧ್ಯಾಯ ಅದು. ಒಳ್ಳೆಯ ಮಾತೇ. ಆದರೆ ಸುಸ್ತಾದವನ ಕೈಯಲ್ಲಿ ಅದು ಚಾಟಿ ಆಗುತ್ತದೆ. ನಾನು ಅದರ ಬಗ್ಗೆ ವಾದ ಮಾಡಲಿಲ್ಲ. ಬದಲಿಗೆ, ಈ ವಾರ ಮಕ್ಕಳಿಗೆ ಏನು ಪಾಠ ಮಾಡಬೇಕು ಎಂದು ಕೇಳಿದೆ. ಬೈಬಲಿನ ಪ್ರವಾದಿ ಎಲೀಯನ ಕಥೆ ಎಂದ. ನನಗೂ ಹೇಳಿ ಎಂದೆ.

ಎಲೀಯನ ಪ್ರಾರ್ಥನೆಗೆ ದೇವರು ಕಾರ್ಮೆಲ್ ಬೆಟ್ಟದ ಮೇಲೆ ಬೆಂಕಿ ಇಳಿಸಿದ ತನಕ ಚೆನ್ನಾಗಿ ಹೇಳಿದ. ಮುಂದೆ ಎಂದೆ. ಎಲೀಯ ಹೆದರಿ ಓಡಿದ್ದು, ಅಡವಿಯಲ್ಲಿ ಒಂದು ದಿನದ ದಾರಿ ನಡೆದು ಒಂದು ಗಿಡದ ಕೆಳಗೆ ಕೂತು "ಸಾಕು ದೇವರೇ, ನನ್ನ ಪ್ರಾಣ ತೆಗೆದುಕೋ" ಎಂದದ್ದು. ಅಲ್ಲಿಗೆ ದೇವದೂತ ಬಂದು ಏನು ಹೇಳಿದ?

"ಎದ್ದು ಊಟ ಮಾಡು ಅಂದ."

"ಆಮೇಲೆ?"

"ಅವನು ತಿಂದು ಮತ್ತೆ ಮಲಗಿದ." ಇಷ್ಟು ಹೇಳಿ ಅವನೇ ನಿಲ್ಲಿಸಿದ. ಎರಡನೆಯ ಸಲವೂ ದೇವದೂತ ಎಬ್ಬಿಸಿದ್ದು ಊಟಕ್ಕೇ. ದಾರಿ ನಿನ್ನ ಶಕ್ತಿಗೆ ಮೀರಿದ್ದು ಅಂತ ಕಾರಣವನ್ನೂ ಹೇಳಿದ. ದೇವರ ಬೆಟ್ಟವಾದ ಹೋರೇಬಿಗೆ ನಲವತ್ತು ದಿನದ ನಡಿಗೆ, ಅದರ ಮೊದಲು ಊಟ, ನಿದ್ದೆ, ಮತ್ತೆ ಊಟ. ಪ್ರಾರ್ಥನೆ ಯಾಕೆ ಮಾಡಲಿಲ್ಲ ಎಂದು ಯಾರೂ ಅವನನ್ನು ಅಲ್ಲಿ ಕೇಳಲಿಲ್ಲ. ಇದನ್ನು ನಾನು ಹೇಳಿಕೊಡಲಿಲ್ಲ, ಮಕ್ಕಳಿಗೆ ವರ್ಷ ವರ್ಷ ಹೇಳಿದ ಕಥೆಯನ್ನು ಅವನೇ ತನಗೆ ಹೇಳಿಕೊಂಡ.

ಇಲ್ಲಿ ಕೆಲವು ಸಹೋದ್ಯೋಗಿಗಳು ತಕರಾರು ತೆಗೆಯುತ್ತಾರೆ. ಆಪ್ತಸಲಹೆಯ ಕೋಣೆಗೆ ಬೈಬಲ್ ಯಾಕೆ ಬಂತು ಅಂತ. ನಾನಾಗಿ ತರುವುದಿಲ್ಲ. ನಾನೂ ಅದೇ ನಂಬಿಕೆಯವಳು, ಅದಕ್ಕೇ ಇನ್ನೂ ಜಾಸ್ತಿ ಎಚ್ಚರ ವಹಿಸುತ್ತೇನೆ. ಆದರೆ ಒಬ್ಬನ ತೊಂದರೆ ಅವನ ನಂಬಿಕೆಯ ಭಾಷೆಯಲ್ಲೇ ಕೂತಿರುವಾಗ, ಅದನ್ನು ಹೊರಗಿಟ್ಟು "ಒತ್ತಡ ನಿರ್ವಹಣೆ" ಎಂದು ಮಾತಾಡಿದರೆ ಅವನನ್ನು ಅರ್ಧ ಮಾತ್ರ ಕೇಳಿಸಿಕೊಂಡ ಹಾಗೆ. ಪುಸ್ತಕದ ಮೊದಲ ಪುಟದಲ್ಲಿ ಪೌಲ ಇದ್ದ. ಅವನನ್ನು ನೋಡಿಯೂ ನೋಡದ ಹಾಗೆ ಇರುವುದು ಹೇಗೆ?

ಇನ್ನೊಂದು ಕಡೆಯಿಂದ ಬರುವ ತಕರಾರು ಇದಕ್ಕಿಂತ ಗಟ್ಟಿ. ವಿಶ್ವಾಸಿಗಳಲ್ಲೇ ಅನೇಕರು ಹೇಳುತ್ತಾರೆ: ಓಟ ಬಿಡಿಸಿ, ಅದು ಬರೀ ದೇಹದ ಹುಚ್ಚು, ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ನಾನು ಒಪ್ಪುವುದಿಲ್ಲ. ತನ್ನ ಶಿಷ್ಯ ತಿಮೊಥೆಯನಿಗೆ ಬರೆಯುವಾಗ ಪೌಲ ದೇಹಸಾಧನೆಯಿಂದ ಸ್ವಲ್ಪ ಪ್ರಯೋಜನ ಉಂಟು ಎನ್ನುತ್ತಾನೆ. ಸ್ವಲ್ಪ ಅಂದರೆ ಏನೂ ಇಲ್ಲ ಅಂತಲ್ಲ. ಈ ಹುಡುಗನಿಗೆ ಕೃಪೆ ಅಂದರೆ ಏನು ಎಂದು ಪ್ರತಿದಿನ ಕಲಿಸುತ್ತಿದ್ದದ್ದು ಓಟವೇ. ತಪ್ಪಿದ್ದನ್ನು ಬಿಟ್ಟು ಇವತ್ತಿನದ್ದನ್ನು ಹಿಡಿಯುವುದು ಅವನಿಗೆ ಗೊತ್ತಿದ್ದ ಒಂದೇ ಜಾಗ ಅದು. ಅದನ್ನು ಕಿತ್ತುಕೊಂಡರೆ ಉಳಿಯುವುದು ಎರಡು ಪರೀಕ್ಷೆ ಮಾತ್ರ.

ಆದರೂ ಸ್ಪರ್ಧೆಯಿಂದ ಹಿಂದೆ ಸರಿಯಿರಿ ಎಂದು ಸ್ಪಷ್ಟವಾಗಿ ಹೇಳಿದೆ. ಇದು ಅವನಿಗೆ ನೋವಾಯಿತು. ಸ್ಕಾಟ್ಲೆಂಡಿನ ಕ್ರೈಸ್ತ ಓಟಗಾರ ಎರಿಕ್ ಲಿಡೆಲ್ ಹೆಸರು ಎತ್ತಿದ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಹೀಟ್ಸ್, ಅಂದರೆ ಮೊದಲ ಸುತ್ತು, ಭಾನುವಾರ ಬಂತೆಂದು ಓಡದೆ, 400 ಮೀಟರನ್ನು 47.6 ಸೆಕೆಂಡಿನಲ್ಲಿ ಓಡಿ ಚಿನ್ನ ಗೆದ್ದವನು. "ಅವನು ಎರಡನ್ನೂ ಉಳಿಸಿಕೊಂಡ ಅಲ್ವಾ?" ಎಂದ. ಉಳಿಸಿಕೊಂಡ, ನಿಜ. ಆದರೆ ಹೇಗೆ? ವೇಳಾಪಟ್ಟಿ ತಿಂಗಳುಗಳ ಮೊದಲೇ ಗೊತ್ತಾಗಿತ್ತು. ತನ್ನ ಅತ್ಯುತ್ತಮ ಓಟವನ್ನು ಬಿಟ್ಟು ಬೇರೆ ದೂರಕ್ಕೆ ತಯಾರಿ ನಡೆಸಿದ. ಮರುವರ್ಷ ಚೀನಾಕ್ಕೆ ಮಿಷನರಿಯಾಗಿ ಹೋದ. ಅಲ್ಲೂ ಆಗಾಗ ಓಡಿದ, ಆದರೆ ಬದುಕಿನ ಮೊದಲ ಜಾಗ ಓಟದ್ದಾಗಿರಲಿಲ್ಲ. ಕೊನೆಗೆ ಯುದ್ಧಕಾಲದ ಸೆರೆಶಿಬಿರದಲ್ಲಿ, ಭಾನುವಾರ ಆಟವಾಡುವಾಗ ಜಗಳಕ್ಕೆ ಬೀಳುತ್ತಿದ್ದ ಮಕ್ಕಳಿಗಾಗಿ ತಾನೇ ಅಂಪೈರ್ ಆಗಿ ನಿಂತ. ಭಾನುವಾರ ಓಡದವನೆಂದು ಜಗತ್ತಿಗೆ ಗೊತ್ತಿದ್ದ ಮನುಷ್ಯ! ಸಬ್ಬತ್, ಅಂದರೆ ವಿಶ್ರಾಂತಿಯ ದಿನ, ಇರುವುದು ಮನುಷ್ಯನಿಗಾಗಿ ಎಂದು ಯೇಸು ಹೇಳಿದ್ದು ಅವನಿಗೆ ಅರ್ಥವಾಗಿತ್ತು ಅನ್ನುವುದು ನನ್ನ ನಂಬಿಕೆ. 1945ರಲ್ಲಿ ಅದೇ ಶಿಬಿರದಲ್ಲಿ ತೀರಿಕೊಂಡ. ಲಿಡೆಲ್‌ನನ್ನು ಎಲ್ಲವನ್ನೂ ಹಿಡಿದುಕೊಂಡವನು ಎಂದು ನೆನೆಯುವವರೇ ಜಾಸ್ತಿ. ನನಗೆ ಅವನು ಕಾಣುವುದು ಯಾವುದನ್ನು ಯಾವಾಗ ಬಿಡಬೇಕೆಂದು ತಿಳಿದವನಾಗಿ.

ಕೊಟ್ಟ ಸಲಹೆ ಹೀಗಿತ್ತು. ಪ್ರೊಬೇಷನ್ ಮುಗಿಯುವ ತನಕ ಸ್ಪರ್ಧೆ ಬೇಡ. ವಾರಕ್ಕೆ ಮೂರು ಓಟ, ಅದರಲ್ಲಿ ಒಂದು ಉದ್ದದ್ದು, ಅದು ಶನಿವಾರ. ಗಳಿಸಿದ್ದೆಲ್ಲ ಹೋಗುತ್ತೆ ಎಂದು ಹೆದರಿದ. ಅದಕ್ಕೆ ಆಧಾರ ಇಲ್ಲ. 1980ರ ದಶಕದ ಆರಂಭದ ಒಂದು ಅಧ್ಯಯನದಲ್ಲಿ, ವಾರಕ್ಕೆ ಆರು ದಿನ ತರಬೇತಿ ಮಾಡುತ್ತಿದ್ದವರಲ್ಲಿ ಕೆಲವರು ದಿನಗಳನ್ನು ನಾಲ್ಕಕ್ಕೆ, ಉಳಿದವರು ಎರಡಕ್ಕೆ ಇಳಿಸಿದರು. ಆದರೆ ಪ್ರತಿ ಸಲದ ಶ್ರಮ, ಅವಧಿ ಅಷ್ಟೇ ಇಟ್ಟುಕೊಂಡರು. 15 ವಾರದ ಮೇಲೂ ಅವರ ದೇಹ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಕುಗ್ಗಿರಲಿಲ್ಲ. ಅಲ್ಟ್ರಾಗೆ ಬೇಕಾದ ಕಾಲಿನ ಗಟ್ಟಿತನಕ್ಕೆ ಇಷ್ಟು ಸಾಲದು, ಒಪ್ಪುತ್ತೇನೆ. ಆದರೆ ತಳಪಾಯ ಉಳಿಯುತ್ತದೆ. ಅರ್ಧ ವರ್ಷಕ್ಕೆ ಅಷ್ಟು ಸಾಕು.

ನಿದ್ದೆ ಏಳು ಗಂಟೆ. ಇದರಲ್ಲಿ ಚೌಕಾಸಿ ಇಲ್ಲ ಎಂದೆ. ಏಳು ಗಂಟೆ ಆಗದ ರಾತ್ರಿಯ ಮರುದಿನದ ಓಟ ರದ್ದು.

ಪುಸ್ತಕದ ಕೊನೆಯ ಕಾಲಮ್ಮು ಬೇಡ. ಪ್ರಾರ್ಥನೆ ಬೇಡ ಎಂದಲ್ಲ, ಅದರ ಲೆಕ್ಕ ಬೇಡ. ಅವನು ಕೂಡಲೇ ಕೇಳಿದ: "ಹಾಗಾದರೆ ಓಡುತ್ತಾ ಪ್ರಾರ್ಥನೆ ಮಾಡಿಬಿಡಲಾ?" ಇದನ್ನು ಬಹಳ ಜನ ಕೇಳುತ್ತಾರೆ. ಓಡುವಾಗ ಪ್ರಾರ್ಥನೆ ತಾನಾಗಿ ಬಂದರೆ ಸಂತೋಷ, ಬರಲಿ. ಆದರೆ ಸಮಯ ಉಳಿಸುವ ಉಪಾಯ ಅಂತ ಅದನ್ನು ಮಾಡಬೇಡಿ ಎಂದೆ. ಉಳಿತಾಯ ಅಂತ ಶುರುವಾದರೆ ಮತ್ತೆ ನಿಮಿಷ ಎಣಿಸುತ್ತೇವೆ. ಬೆಳಗ್ಗೆ ಹತ್ತು ನಿಮಿಷ ಸಿಕ್ಕಿದರೆ ಹತ್ತೇ ನಿಮಿಷ ಕೂರಿ, ಅದು ಅರ್ಧ ಗಂಟೆಯ ಮೂರನೇ ಒಂದು ಭಾಗ ಅಂತ ಅಂದುಕೊಳ್ಳಬೇಡಿ.

ಆರಾಧನೆಯಲ್ಲಿ ನಿದ್ದೆ ಬಂದರೆ ಕೂತುಕೊಳ್ಳಿ, ನಿಂತು ತಡೆಯಬೇಡಿ ಎಂದೂ ಹೇಳಿದೆ. ಇದನ್ನು ಕೇಳಿ ಅವನ ಕಣ್ಣು ಒದ್ದೆಯಾಯಿತು.

ಕೆಲಸದ ಬಗ್ಗೆ ಒಂದೇ ಮಾತು. ಪ್ರೊಬೇಷನ್ ಮುಗಿಯುವಾಗ ತನ್ನನ್ನು ಯಾವುದರ ಮೇಲೆ ಅಳೆಯುತ್ತಾರೆ ಎಂದು ಮ್ಯಾನೇಜರ್‌ ಅವರನ್ನು ನೇರವಾಗಿ ಕೇಳಬೇಕು. ಅದೇ ಹೊತ್ತಿಗೆ ಭಾನುವಾರ ಬೆಳಗ್ಗೆ ಸಿಗುವುದಿಲ್ಲ ಎಂದೂ ತಿಳಿಸಬೇಕು. ಕೆಲಸದಲ್ಲಿ ಪರೀಕ್ಷೆ ಇರುವುದು ನಿಜ, ಅದನ್ನು ಇಲ್ಲ ಎನ್ನುವುದಿಲ್ಲ. ಆದರೆ ಪ್ರಶ್ನೆಪತ್ರಿಕೆ ನೋಡದೆ ಇಡೀ ಗ್ರಂಥಾಲಯ ಓದಲು ಹೊರಟಿದ್ದ. ಕೇಳಿದ ಮೇಲೆ ಗೊತ್ತಾಯಿತು, ಅವರು ನೋಡುತ್ತಿದ್ದದ್ದು ಮೂರು ಕೆಲಸಗಳನ್ನು. ರಾತ್ರಿಯ ಕರೆಗಳಲ್ಲಿ ಅರ್ಧಕ್ಕೆ ಅವನು ಇರಲೇಬೇಕಾದ ಅಗತ್ಯ ಇರಲಿಲ್ಲ.

ಭಾನುವಾರದ ವಿಷಯ ಅಷ್ಟು ಸಲೀಸಾಗಲಿಲ್ಲ. ತಂಡದಲ್ಲಿ ಎಲ್ಲರಿಗೂ ಸರದಿ ಇದೆ, ನಿಮಗೊಬ್ಬರಿಗೆ ಬಿಡಲಾಗದು ಎಂದರು. ತಿಂಗಳಿಗೊಂದು ಭಾನುವಾರ ಕೆಲಸ ಮಾಡುವುದೆಂದು ಒಪ್ಪಂದವಾಯಿತು. ಆ ದಿನ ಸಂಡೇ ಸ್ಕೂಲ್ ಪಾಠವನ್ನು ಇನ್ನೊಬ್ಬರು ಮಾಡುತ್ತಾರೆ, ಅವನು ಸಂಜೆಯ ಆರಾಧನೆಗೆ ಹೋಗುತ್ತಾನೆ. ಮೊದಲ ಸಲ ಹಾಗೆ ಮಾಡಿದ ಮೇಲೆ ನನಗೆ ಸಂದೇಶ ಕಳಿಸಿದ. ಬೆಳಗಿನದ್ದು ತಪ್ಪಿತೆಂದು ಮನಸ್ಸು ಚುಚ್ಚುತ್ತಿದೆ, ಆದರೆ ಎಲ್ಲೂ ಬರೆದಿಟ್ಟಿಲ್ಲ ಎಂದು.