ಹತ್ತಾರು ಟೀಮ್ ಸುತ್ತಿಯೂ ಸ್ಟಾರ್ ಆಗದ ಬಾಸ್ಕೆಟ್‌ಬಾಲ್ ಆಟಗಾರ ಕೊನೆಗೆ ಕೋಚ್ ಆಗುವುದು ಸೋತವರ ದಾರಿಯಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಮಡಿಕೇರಿಯವರು, ಇಪ್ಪತ್ತು ವರ್ಷ, ಕಾಲೇಜು ಟೀಮ್‌ನಲ್ಲಿದ್ದೀರಿ, ಆದರೆ ಬೆಂಚ್ ಮೇಲೆ ಕೂರುವುದೇ ಜಾಸ್ತಿ. 'ಆಡಕ್ಕಾಗದವನು ಕೋಚ್ ಆಗ್ತಾನೆ' ಅಂತ ಮನೆಯಲ್ಲಿ ಯಾರೋ ಅಂದರಂತೆ, ಅದು ನಿಜವಾ ಅಂತ ಕೇಳಿದ್ದೀರಿ. ಇದೇ ಮಾತನ್ನು ನನ್ನ ಮಾವ ನನ್ನ ಮದುವೆ ದಿನವೇ ಹೇಳಿದ್ದರು. ಅದೂ ಪಂದಿ ಕರಿ ಬಡಿಸುತ್ತಾ.

ನಾನು ಹನ್ನೊಂದು ವರ್ಷ ಆರು ಊರುಗಳಲ್ಲಿ ಆಡಿದವನು. ಇಂಡಿಯಾ ಜೆರ್ಸಿ ಹಾಕಿದವನಲ್ಲ. ಈಗ ಗೋಣಿಕೊಪ್ಪಲಿನ ಹತ್ತಿರ ಮಕ್ಕಳಿಗೆ ಕಲಿಸುತ್ತೇನೆ. ನನ್ನ ಕತೆ ಆಮೇಲೆ. ಮೊದಲು ಕೆನ್ನಿ ನ್ಯಾಟ್ ಅನ್ನುವವರ ಕತೆ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಅವರಷ್ಟು ಸರಿಯಾದ ಉತ್ತರ ನನಗೆ ಸಿಕ್ಕಿಲ್ಲ.

ನ್ಯಾಟ್ ಹುಟ್ಟಿದ್ದು ಅಮೆರಿಕದ ಲೂಸಿಯಾನಾ ರಾಜ್ಯದ ಮನ್ರೋ ಎಂಬ ಊರಲ್ಲಿ, 1958ರಲ್ಲಿ. ಅಣ್ಣ ಕ್ಯಾಲ್ವಿನ್ ನ್ಯಾಟ್ ದೊಡ್ಡ ಆಟಗಾರ. 1985ರಲ್ಲಿ ಅಮೆರಿಕದ ಅತಿ ದೊಡ್ಡ ಲೀಗ್ ಆದ ಎನ್‌ಬಿಎಯಲ್ಲಿ ಆಲ್‌ಸ್ಟಾರ್ ಕೂಡ ಆದರು, ಅಂದರೆ ಆ ವರ್ಷದ ಆಯ್ದ ಸ್ಟಾರ್‌ಗಳಲ್ಲಿ ಒಬ್ಬರು. ಇಬ್ಬರೂ ಒಂದೇ ಕಾಲೇಜಿನ ಟೀಮ್‌ನಲ್ಲಿ ಆಡಿದವರು. ತಮ್ಮನನ್ನು 1980ರಲ್ಲಿ ಇಂಡಿಯಾನಾ ಪೇಸರ್ಸ್ ಟೀಮ್ ಹೊಸ ಆಟಗಾರರ ಆಯ್ಕೆಯ ಎರಡನೇ ಸುತ್ತಿನಲ್ಲಿ ಆರಿಸಿತು. ಒಂದು ಸೀಸನ್ ಆಡಿಸಿ ಬಿಟ್ಟಿತು. ಆಮೇಲೆ ಯೂಟಾ ಜಾಝ್‌ನಲ್ಲಿ ಸ್ವಲ್ಪ ದಿನ. 1984-85ರಲ್ಲಿ ಮತ್ತೆ ಯೂಟಾ, ಅಲ್ಲಿಂದ ಕನ್ಸಾಸ್ ಸಿಟಿ ಕಿಂಗ್ಸ್. ಎನ್‌ಬಿಎಯಲ್ಲಿ ಅಷ್ಟೇ. ಮಿಕ್ಕ ಕಾಲವೆಲ್ಲ ಸಣ್ಣ ಲೀಗ್‌ಗಳಲ್ಲಿ, ಮುಖ್ಯವಾಗಿ ಸಿಬಿಎ ಅನ್ನುವ ಲೀಗ್‌ನಲ್ಲಿ.

ಈ ಸಿಬಿಎ ಬಗ್ಗೆ ಸ್ವಲ್ಪ ಹೇಳಬೇಕು, ನನಗೆ ಬಹಳ ಇಷ್ಟದ ವಿಷಯ. ಎನ್‌ಬಿಎ ಬಾಗಿಲಲ್ಲಿ ನಿಂತವರ ಲೀಗ್ ಅದು. ಅಲ್ಲಿ ಲೀಗ್ ಪಟ್ಟಿಯ ಪಾಯಿಂಟ್ ಲೆಕ್ಕವೇ ಬೇರೆ. ಪಂದ್ಯ ಗೆದ್ದರೆ 3 ಪಾಯಿಂಟ್. ಜೊತೆಗೆ ಪ್ರತಿ ಕ್ವಾರ್ಟರ್ (ಪಂದ್ಯದ ಕಾಲು ಭಾಗ) ಗೆದ್ದವರಿಗೆ ಒಂದೊಂದು. ಒಟ್ಟು 7. ಅಂದರೆ ಸ್ಕೋರ್‌ನಲ್ಲಿ ಮೂವತ್ತು ಹಿಂದಿದ್ದು ಪಂದ್ಯ ಕೈಬಿಟ್ಟು ಹೋಗಿದ್ದರೂ ಕೊನೆಯ ಕ್ವಾರ್ಟರ್ ಗೆದ್ದರೆ ಒಂದು ಪಾಯಿಂಟ್ ನಿಮ್ಮದು. ಹಾಗಾಗಿ ಯಾರೂ ಕೈಚೆಲ್ಲಿ ಕೂರುವ ಹಾಗಿಲ್ಲ. ಬೆಂಚ್‌ನಲ್ಲಿ ಇರುವವನಿಗೂ ಕೆಲಸ ಇದ್ದೇ ಇರುತ್ತದೆ. 2009ರಲ್ಲಿ ಲೀಗ್ ಮುಚ್ಚಿತು. ಈ ಲೆಕ್ಕವನ್ನು ನಾನು ನಮ್ಮ ಮಕ್ಕಳ ಪಂದ್ಯಗಳಿಗೆ ಕದ್ದು ತಂದಿದ್ದೇನೆ, ಚೆನ್ನಾಗಿ ಕೆಲಸ ಮಾಡುತ್ತದೆ.

ಇಂಥ ಆಟಗಾರರಿಗೆ ಎನ್‌ಬಿಎ ಕೊಡುವುದು ಹತ್ತು ದಿನದ ಕಾಂಟ್ರಾಕ್ಟ್. ಕೂಲಿ ಲೆಕ್ಕದ ಹಾಗೆ. ಈಗಿನ ನಿಯಮದಲ್ಲಿ ಜನವರಿ 5ರಿಂದ ಮಾತ್ರ ಕೊಡಬಹುದು. ಒಂದು ಟೀಮ್ ಒಂದೇ ಸೀಸನ್‌ನಲ್ಲಿ ಒಬ್ಬನಿಗೆ ಎರಡು ಸಲ ಕೊಡಬಹುದು. ಮೂರನೇದು ಇಲ್ಲ. ಸೀಸನ್ ಮುಗಿಯುವ ತನಕ ಇಟ್ಟುಕೊಳ್ಳಬೇಕು, ಇಲ್ಲ ಕಳಿಸಬೇಕು. ಯೋಚಿಸಿ ನೋಡಿ. ಹತ್ತು ದಿನದಲ್ಲಿ ಹೊಸ ಟೀಮ್‌ನ ಅಷ್ಟೂ ಆಟ ಕಲಿಯಬೇಕು. ಯಾರು ಯಾವ ಕಡೆ ಓಡುತ್ತಾನೆ, ಯಾರಿಗೆ ಚೆಂಡು ಎಲ್ಲಿ ಬೇಕು, ಕೋಚ್ ಎರಡು ಬೆರಳು ಎತ್ತಿದರೆ ಎಂತ ಅರ್ಥ, ಎಲ್ಲ. ಸ್ಟಾರ್‌ಗೆ ಇದರ ಹಂಗಿಲ್ಲ, ಆಟವನ್ನೇ ಅವನ ಸುತ್ತ ಕಟ್ಟಿರುತ್ತಾರೆ. ಅಲೆಯುವವನು ಮಾತ್ರ ಎಲ್ಲರ ಜಾಗವನ್ನೂ ಕಲಿತಿರಬೇಕು. ಯಾವ ಜಾಗ ಖಾಲಿಯಾಗುತ್ತದೋ ಯಾರಿಗೆ ಗೊತ್ತು?

ಕೋಚ್‌ನ ಕೆಲಸವೂ ಇದೇ ಅಲ್ವಾ? ಐದೂ ಜನರ ಜಾಗ ಒಂದೇ ತಲೆಯಲ್ಲಿ ಇರಬೇಕು. ನ್ಯಾಟ್ ಅದನ್ನು ಆಡುವ ದಿನಗಳಲ್ಲೇ ಕಲಿತಿದ್ದರು ಅನ್ನುವುದು ನನ್ನ ಲೆಕ್ಕಾಚಾರ.

1995ರಲ್ಲಿ ಅವರು ಯೂಟಾಕ್ಕೆ ವಾಪಸ್ ಬಂದರು, ಈ ಸಲ ಜೆರ್ರಿ ಸ್ಲೋನ್ ಅವರ ಸಹಾಯಕ ಕೋಚ್ ಆಗಿ. ಮೊದಲು ಯೂಟಾದಲ್ಲಿ ಕೊನೆಯ ಸಲ ಆಡಿದ ಸೀಸನ್‌ನಲ್ಲೇ ಜಾನ್ ಸ್ಟಾಕ್ಟನ್ ಎಂಬ ಹೊಸ ಹುಡುಗ ಟೀಮ್ ಸೇರಿದ್ದ. ಇವರು ಹೊರಗೆ ಹೋದರು, ಆ ಹುಡುಗ 19 ಸೀಸನ್ ಅಲ್ಲೇ ಉಳಿದ. 15,806 ಅಸಿಸ್ಟ್ (ಬುಟ್ಟಿಗೆ ದಾರಿಯಾಗುವ ಪಾಸ್) ಮಾಡಿದ, ಆ ದಾಖಲೆ ಇನ್ನೂ ನಿಂತಿದೆ. ತನ್ನ ಜಾಗದಲ್ಲಿ ಬೆಳೆದವನಿಗೇ ಹತ್ತು ವರ್ಷ ಬಿಟ್ಟು ಬಂದು ಸಹಾಯ ಮಾಡುವುದಕ್ಕೆ ಎದೆ ಬೇಕು. 1997 ಮತ್ತು 1998ರಲ್ಲಿ ಯೂಟಾ ಫೈನಲ್‌ಗೆ ಹೋಗಿ ಎರಡು ಸಲವೂ ಶಿಕಾಗೋ ಬುಲ್ಸ್‌ಗೆ 4-2ರಲ್ಲಿ ಸೋತಿತು. ಎದುರು ಬೆಂಚ್‌ನಲ್ಲಿ ಕೋಚ್ ಆಗಿ ಕೂತಿದ್ದವರು ಫಿಲ್ ಜಾಕ್ಸನ್. ಅವರೂ ಆಟಗಾರನಾಗಿ ಹೆಚ್ಚು ಕಾಲ ಬೆಂಚ್‌ನಿಂದ ಎದ್ದು ಬಂದು ಆಡಿದವರು. ಅವರೂ ಸಿಬಿಎಯಲ್ಲಿ ಕೋಚ್ ಆಗಿ 1984ರಲ್ಲಿ ಆಲ್ಬನಿ ಟೀಮ್‌ಗೆ ಕಪ್ ಗೆದ್ದುಕೊಟ್ಟವರು. ಆಮೇಲೆ ಎನ್‌ಬಿಎಯಲ್ಲಿ 11 ಕಪ್. ನಿಮ್ಮ ಮನೆಯವರಿಗೆ ಇದನ್ನು ಹೇಳಿ ನೋಡಿ.

ಹಾಗಂತ ಎಲ್ಲವೂ ಸುಖಾಂತ್ಯ ಅಂತ ಸುಳ್ಳು ಹೇಳುವುದಿಲ್ಲ. ಯೂಟಾ ಆದಮೇಲೆ ನ್ಯಾಟ್ ಕ್ಲೀವ್‌ಲ್ಯಾಂಡ್ ಟೀಮ್‌ನಲ್ಲಿ ಮೂರು ವರ್ಷ ಸಹಾಯಕ ಕೋಚ್ ಆಗಿದ್ದರು. 2007ರಲ್ಲಿ ಲೆಬ್ರಾನ್ ಜೇಮ್ಸ್ ಆ ಟೀಮನ್ನು ಫೈನಲ್ ತನಕ ಎಳೆದು ತಂದ, ಅಲ್ಲಿ 4-0ರಲ್ಲಿ ಸೋಲು. ಮುಂದೆ ಸ್ಯಾಕ್ರಮೆಂಟೊ ಕಿಂಗ್ಸ್. ಇದು ಬೇರೆ ಯಾವುದೂ ಅಲ್ಲ, ಅವರು ಆಡಿದ್ದ ಹಳೇ ಕನ್ಸಾಸ್ ಸಿಟಿ ಕಿಂಗ್ಸೇ ಊರು ಬದಲಿಸಿದ್ದು. 2008ರ ಡಿಸೆಂಬರ್‌ನಲ್ಲಿ ಮುಖ್ಯ ಕೋಚ್‌ನನ್ನು ತೆಗೆದು ಟೀಮನ್ನು ಇವರ ಕೈಗೆ ಕೊಟ್ಟರು. 11 ಗೆಲುವು, 47 ಸೋಲು. ಸೀಸನ್ ಮುಗಿದ ಕೂಡಲೇ ಇವರನ್ನೂ ಕಳಿಸಿದರು. ಮುಳುಗುವ ದೋಣಿಗೆ ಹುಟ್ಟು ಕೊಡುವುದು ಅಂದರೆ ಇದೇ. ಇಡೀ ಬದುಕಲ್ಲಿ ಎನ್‌ಬಿಎಯಲ್ಲಿ ಮುಖ್ಯ ಕೋಚ್ ಆಗಿ ಸಿಕ್ಕಿದ್ದು ಅಷ್ಟೇ.

ಆಮೇಲೆ ಎಲ್ಲಿಗೆ ಬಂದರು ಗೊತ್ತಾ? ನಮ್ಮಲ್ಲಿಗೆ. 2011ರಲ್ಲಿ ಭಾರತದ ಪುರುಷರ ಟೀಮ್‌ನ ಕೋಚ್. ಇಂಡಿಯಾನಾದಿಂದ ಶುರುವಾಗಿ ಇಂಡಿಯಾಕ್ಕೆ! ಆ ವರ್ಷ ಚೀನಾದ ವೂಹಾನ್‌ನಲ್ಲಿ ಏಷ್ಯಾ ಚಾಂಪಿಯನ್‌ಶಿಪ್, ನಮಗೆ 14ನೇ ಸ್ಥಾನ. ಮುಂದಿನ ವರ್ಷ ಅವರ ಜಾಗಕ್ಕೆ ಕೋಚ್ ಆಗಿ ಸ್ಕಾಟ್ ಫ್ಲೆಮಿಂಗ್ ಬಂದರು. 2014ರಲ್ಲಿ ಅದೇ ವೂಹಾನ್‌ನಲ್ಲಿ, ಏಷ್ಯಾ ಕಪ್‌ನಲ್ಲಿ, ಭಾರತ ಚೀನಾವನ್ನು 65-58ರಲ್ಲಿ ಸೋಲಿಸಿತು. ಅದು ನ್ಯಾಟ್ ಅವರ ಗೆಲುವು ಅಂತ ನಾನು ಹೇಳುವುದಿಲ್ಲ. ಆದರೆ ಆ ಟೀಮ್‌ನ ಕೆಲವು ಹುಡುಗರ ಜೊತೆ ಕ್ಯಾಂಪ್‌ನಲ್ಲಿ ಇದ್ದ ನನ್ನ ಗೆಳೆಯನೊಬ್ಬ ಅವತ್ತು ರಾತ್ರಿ ಫೋನ್ ಮಾಡಿ ಸುಮ್ನೆ ಅತ್ತ. ನಾನೂ ಸುಮ್ಮನೆ ಕೇಳಿಸಿಕೊಂಡೆ.

ಇನ್ನು ನನ್ನ ವಿಷಯ. ನಾನು ಆಟ ಕಲಿತಿದ್ದು ಸಿದ್ದಾಪುರದ ಕಡೆ, ಕಾಫಿ ಕಣದಲ್ಲಿ. ನೀವು ಕೊಡಗಿನವರು, ಕಣ ಅಂದರೆ ಗೊತ್ತು. ಸಿಲ್ವರ್ ಓಕ್ ಕಂಬಕ್ಕೆ ಬೋರ್ಡ್, ಗುಜರಿಯಿಂದ ತಂದ ಕಬ್ಬಿಣದ ಬಳೆ. ಮಳೆನೀರು ಹರಿದು ಹೋಗಲಿ ಅಂತ ಕಣಕ್ಕೆ ಒಂದು ಕಡೆ ಇಳಿಜಾರು ಇಟ್ಟಿರುತ್ತಾರಲ್ಲ? ಎಡಗೈಯಲ್ಲಿ ಡ್ರಿಬಲ್ ಮಾಡಿದರೆ ಏರು, ಬಲಗೈಯಲ್ಲಿ ಇಳಿಜಾರು. ಹಾಗಾಗಿ ನನ್ನ ಎಡಗೈ ಚೆನ್ನಾಗಿ ಪಳಗಿತು. ಮುಂದೆ ಸಮತಟ್ಟಾದ ಮರದ ನೆಲದ ಮೇಲೆ ಆಡಿದಾಗ ಚೆಂಡು ಯಾಕೆ ಓಡಿಹೋಗುತ್ತಿಲ್ಲ ಅಂತ ಮೊದಲ ವಾರ ಗಲಿಬಿಲಿಯಾಗಿತ್ತು. ಡಿಸೆಂಬರ್‌ನಿಂದ ಫೆಬ್ರವರಿ ತನಕ ಕಣದ ತುಂಬಾ ಕಾಫಿ, ಆಟ ಬಂದ್. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ, ನೆಲವೆಲ್ಲ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ತೆಂಗಿನ ಪೊರಕೆಯಲ್ಲಿ ಉಜ್ಜಿದರೂ ಮೂರು ದಿನಕ್ಕೆ ಮತ್ತೆ ಹಸಿರು. ವರ್ಷಕ್ಕೆ ನಾಲ್ಕೈದು ತಿಂಗಳು ಆಟ ಸಿಕ್ಕರೆ ಪುಣ್ಯ. ಮನೆಯವರಿಗೂ ಅರ್ಥವಾಗಲಿಲ್ಲ. 1997ರಿಂದ ಕುಟುಂಬಕ್ಕೊಂದು ಹಾಕಿ ಟೀಮ್ ಕಟ್ಟಿ ಹಬ್ಬ ಮಾಡುವ ನಾಡು ಇದು. 'ಸ್ಟಿಕ್ ಬಿಟ್ಟು ಅದೆಂತ ಬುಟ್ಟಿಗೆ ಎಸೆಯೋದು' ಅಂತ ಅಜ್ಜ ಸಾಯುವ ತನಕ ಕೇಳಿದರು.

ಸ್ಪೋರ್ಟ್ಸ್ ಕೋಟಾ ಕೆಲಸ ಸಿಗುತ್ತದೆ ಅಂತ ಹೋದವನು ಬರೀ ಕಾಂಟ್ರಾಕ್ಟ್‌ನಲ್ಲೇ ಊರೂರು ತಿರುಗಿದೆ. ಚೆನ್ನೈ, ಸಿಕಂದರಾಬಾದ್, ಮುಂಬೈ, ಇನ್ನೂ ಮೂರು ಕಡೆ. ಕೊನೆಯ ಟೀಮ್ ಮೂರು ತಿಂಗಳ ಸಂಬಳ ಕೊಡಲೇ ಇಲ್ಲ. ಕೇಳಿದರೆ 'ನೀನು ಆಡಿದ್ದೆಷ್ಟು ನಿಮಿಷ' ಅಂದರು. ಆ ಮಾತು ಸಂಬಳಕ್ಕಿಂತ ಜಾಸ್ತಿ ಚುಚ್ಚಿತು. ಆದರೆ ಬೆಂಚ್‌ನಲ್ಲಿ ಕೂತು ಬೇಜಾರಿಗೆ ಬರೆದಿಟ್ಟ ನೋಟ್‌ಬುಕ್‌ಗಳು ಹನ್ನೆರಡಾಗಿದ್ದವು. ಎದುರಾಳಿ ಟೈಮ್‌ಔಟ್ ಆದ ತಕ್ಷಣ ಯಾವ ಆಟ ಆಡುತ್ತದೆ, ಯಾರು ಸುಸ್ತಾದಾಗ ಬಲಗಡೆಗೇ ಹೋಗುತ್ತಾನೆ, ಎಲ್ಲ ಅದರಲ್ಲಿದೆ. ಕೋಚಿಂಗ್ ಡಿಪ್ಲೊಮಾ ಮಾಡುವಾಗ ನನಗೆ ಪಠ್ಯಕ್ಕಿಂತ ಅವೇ ಹೆಚ್ಚು ಕೆಲಸಕ್ಕೆ ಬಂದವು.

ಮೊನ್ನೆ ಕಣದಲ್ಲಿ ಪಿಕ್ ಅಂಡ್ ರೋಲ್ ಕಲಿಸುತ್ತಿದ್ದೆ. ಸ್ಟಾಕ್ಟನ್ ಮತ್ತು ಕಾರ್ಲ್ ಮಲೋನ್ ಯೂಟಾದಲ್ಲಿ ವರ್ಷಾನುಗಟ್ಟಲೆ ಆಡಿದ ಅದೇ ಆಟ. ಒಬ್ಬ ಎದುರಾಳಿಗೆ ಅಡ್ಡ ನಿಲ್ಲುತ್ತಾನೆ. ಚೆಂಡು ಇದ್ದವನು ಅವನ ಭುಜ ಸವರಿಕೊಂಡೇ ಹೋಗಬೇಕು. ಮಧ್ಯೆ ಒಂದು ಕೈಯಷ್ಟು ಜಾಗ ಬಿಟ್ಟರೂ ಎದುರಾಳಿ ನುಗ್ಗುತ್ತಾನೆ. ನಮ್ಮ ಮಕ್ಕಳು ಪಾಪ, ಮರ್ಯಾದೆಗೆ ದೂರದಿಂದ ಸುತ್ತಿ ಹೋಗುತ್ತಿದ್ದರು. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಹೊರಗೆ ಕೂತಿದ್ದವಳು, 'ಸರ್, ಇವನು ಬೇಗ ಹೋಗ್ತಾನೆ, ಅವಳು ಇನ್ನೂ ನಿಂತೇ ಇಲ್ಲ' ಅಂದಳು. ಹದಿನೈದು ನಿಮಿಷದಿಂದ ನಾನು ಭುಜ, ಭುಜ ಅಂತ ಕೂಗುತ್ತಿದ್ದೆ. ತಪ್ಪು ಇದ್ದದ್ದು ಕಾಯುವುದರಲ್ಲಿ. ಕಾಣಿಸಿದ್ದು ಹೊರಗೆ ಕೂತವಳಿಗೆ.

ನಿಮಗೆ ಮಾಡುವ ಕೆಲಸ ಹೇಳುತ್ತೇನೆ. ಆಡುವುದನ್ನು ಈಗಲೇ ಬಿಡಬೇಡಿ, ಆಡದ ಕೋಚ್‌ನ ಮಾತು ಮಕ್ಕಳು ಕೇಳುವುದು ಕಷ್ಟ. ಡಿಗ್ರಿ ಮುಗಿಸಿ. ಡಿಗ್ರಿ ಆದಮೇಲೆ ಪಟಿಯಾಲಾದ ಎನ್‌ಐಎಸ್ (ರಾಷ್ಟ್ರೀಯ ಕ್ರೀಡಾ ಸಂಸ್ಥೆ) ಕೋಚಿಂಗ್ ಡಿಪ್ಲೊಮಾಕ್ಕೆ ಪ್ರಯತ್ನಿಸಿ, ಸರ್ಕಾರಿ ಕೋಚ್ ಹುದ್ದೆಗೆ ಹೋಗುವುದಾದರೆ ಅದಕ್ಕೆ ಬೆಲೆ ಇದೆ. ದುಡ್ಡಿನ ಆಸೆ ಜಾಸ್ತಿ ಇಟ್ಟುಕೊಳ್ಳಬೇಡಿ. ಎನ್‌ಬಿಎ ಕನಸಿದ್ದರೆ ಒಂದು ವಿಷಯ ತಿಳಿದಿರಲಿ: 2015ರಲ್ಲಿ ಡಲ್ಲಾಸ್ ಮಾವೆರಿಕ್ಸ್ 52ನೆಯವನಾಗಿ ಆರಿಸಿದ ನಮ್ಮ ಸತ್ನಾಮ್ ಸಿಂಗ್ ಕೂಡ ಅಲ್ಲಿ ಒಂದು ಪಂದ್ಯ ಆಡಲಿಲ್ಲ.

ಈ ವಾರದಿಂದ ಬೆಂಚ್ ಮೇಲೆ ಕೂರುವಾಗ ಒಂದು ಪುಸ್ತಕ ಇಟ್ಟುಕೊಳ್ಳಿ. ಸ್ಕೋರ್ ಬರೆಯಬೇಡಿ, ಅದನ್ನು ಬೇರೆಯವರು ಬರೆಯುತ್ತಾರೆ. ನಿಮ್ಮ ಟೀಮ್‌ನ ಪಾಯಿಂಟ್ ಗಾರ್ಡ್ (ಚೆಂಡು ಹಂಚಿ ಆಟ ನಡೆಸುವವನು) ತಪ್ಪು ಪಾಸ್ ಕೊಡುವ ಮೊದಲು ಎಲ್ಲಿ ನೋಡುತ್ತಿದ್ದ ಅನ್ನುವುದಷ್ಟನ್ನೇ ಬರೆಯಿರಿ. ಹತ್ತು ಪಂದ್ಯ ಆದಮೇಲೆ ಇಲ್ಲೇ ನನಗೊಂದು ಮೆಸೇಜ್ ಹಾಕಿ. ಮಾರ್ಚ್‌ನಲ್ಲಿ ನಮ್ಮ ಕಣ ಖಾಲಿಯಾಗುತ್ತದೆ, ಆಗ ಬನ್ನಿ. ಪುಸ್ತಕ ಮರೆಯದೆ ತನ್ನಿ. ಇಳಿಜಾರಿನ ಕಡೆಯ ಬುಟ್ಟಿ ನಿಮಗೆ ಬಿಟ್ಟುಕೊಡುತ್ತೇನೆ.