ಮೌಂಟ್ ರಶ್ಮೋರ್‌ನಿಂದ ಯೆಲ್ಲೋಸ್ಟೋನ್‌ಗೆ ಆರ್‌ವಿಯಲ್ಲಿ ಹೋಗುವಾಗ ವಯೋಮಿಂಗ್‌ನ ಬಫಲೋದಲ್ಲಿ ಒಂದು ರಾತ್ರಿ ನಿಲ್ಲುವುದು ಸರಿಯೇ?

ಇಬ್ಬರು ಮಕ್ಕಳು, ಅತ್ತೆಯವರ ಜೊತೆ ಬಾಡಿಗೆಯ ಮನೆಗಾಡಿಯಲ್ಲಿ, ಅಂದರೆ 28 ಅಡಿ ಆರ್‌ವಿಯಲ್ಲಿ ಮೊದಲ ಸಲ ಹೊರಟಿದ್ದೀರಿ, ಬಫಲೋದಲ್ಲಿ ಏನೇನು ನೋಡಿಕೊಳ್ಳಬೇಕು ಎಂದು ಕೇಳಿದ್ದೀರಿ.

ನಿಲ್ಲಲು ಸರಿಯಾದ ಊರನ್ನೇ ಆರಿಸಿದ್ದೀರಿ. ಮೌಂಟ್ ರಶ್ಮೋರ್ ಪಕ್ಕದ ರ್‍ಯಾಪಿಡ್ ಸಿಟಿಯಿಂದ ಐ-90 ಹೆದ್ದಾರಿಯಲ್ಲಿ ಸುಮಾರು 210 ಮೈಲಿ. ಮರುದಿನ ಎದುರಾಗುವುದು ಬಿಗ್‌ಹಾರ್ನ್ ಬೆಟ್ಟಸಾಲು. ಅದಕ್ಕೇ ಬಫಲೋಗೆ ಬಂದ ಸಂಜೆ ಮೊದಲು ಗಾಡಿಯನ್ನು ಬೆಟ್ಟಕ್ಕೆ ಅಣಿ ಮಾಡಿ, ಊರು ಆಮೇಲೆ ನೋಡಿ ಎನ್ನುತ್ತೇನೆ.

ಬೆಟ್ಟ ದಾಟಲು ಮೂರು ದಾರಿಗಳಿವೆ. 14ಎ ರಸ್ತೆಯಲ್ಲಿ ಶೇ. 10ರಷ್ಟು ಇಳಿಜಾರು ಇದೆ, ಆರ್‌ವಿ ತೆಗೆದುಕೊಂಡು ಅದರ ಹತ್ತಿರವೂ ಹೋಗಬೇಡಿ. 14 ಕಷ್ಟದಲ್ಲಿ ನಡುವಿನದು. ಮೂರರಲ್ಲಿ ಸೌಮ್ಯವಾದದ್ದು ಬಫಲೋದಿಂದಲೇ ಹೊರಡುವ 16. ಅದು 9,666 ಅಡಿ ಎತ್ತರದ ಪೌಡರ್ ರಿವರ್ ಪಾಸ್ ಎಂಬ ಕಣಿವೆದಾರಿ ದಾಟಿ, ಆಚೆಯ ಊರು ಟೆನ್ ಸ್ಲೀಪ್‌ಗೆ ಇಳಿಯುತ್ತದೆ. ಜಿಪಿಎಸ್ ಏನೇ ಹೇಳಲಿ, 16 ಬಿಡಬೇಡಿ. ಯೆಲ್ಲೋಸ್ಟೋನ್‌ಗೆ ಮುಂಚೆ ಸಿಗುವ ಕೋಡಿ ಎಂಬ ಊರಿನವರೆಗೆ ಸುಮಾರು 180 ಮೈಲಿ, ಐದು ಗಂಟೆ ಇಟ್ಟುಕೊಳ್ಳಿ. ಜೂನ್ ಮೊದಲ ವಾರಗಳಲ್ಲೂ ಪಾಸ್‌ನಲ್ಲಿ ಹಿಮ ಬೀಳಬಹುದು, ಹೊರಡುವ ಮುನ್ನ ರಸ್ತೆಯ ಸ್ಥಿತಿ ನೋಡಿಕೊಳ್ಳಿ.

ಕ್ಯಾಂಪ್‌ಗ್ರೌಂಡ್ ತಲುಪಿದ ಮೇಲೆ ವಿದ್ಯುತ್ ಕಂಬದ ಬ್ರೇಕರ್ ಆಫ್ ಮಾಡಿಯೇ ವೈರ್ ಚುಚ್ಚಿ, ಆಮೇಲೆ ಆನ್ ಮಾಡಿ. 30 ಆಂಪ್ ಸಂಪರ್ಕವೆಂದರೆ ಒಟ್ಟು 3,600 ವಾಟ್. ಎಸಿಗೇ 13ರಿಂದ 15 ಆಂಪ್ ಬೇಕು, ಇಂಡಕ್ಷನ್ ಒಲೆಗೆ ಇನ್ನೊಂದು 15. ಎರಡರ ಜೊತೆ ಮೈಕ್ರೋವೇವ್ ಹಾಕಿದರೆ ಬ್ರೇಕರ್ ಬೀಳುತ್ತದೆ. ನೀರಿನ ಹೀಟರ್ ಅನ್ನು ಗ್ಯಾಸಿನ ಮೇಲೆ ಇಡಿ. ನಲ್ಲಿಗೆ ಮೊದಲು ಪ್ರೆಶರ್ ರೆಗ್ಯುಲೇಟರ್, ಆಮೇಲೆ ಕುಡಿಯುವ ನೀರಿನ ಬಿಳಿ ಪೈಪ್. ಒತ್ತಡ 40–50 ಪಿಎಸ್‌ಐ ಇರಲಿ, ಹೆಚ್ಚಾದರೆ ಗಾಡಿಯೊಳಗಿನ ಪೈಪಿನ ಜಾಯಿಂಟ್ ಬಿಟ್ಟುಕೊಂಡು ನೆಲವೆಲ್ಲ ನೀರಾಗುತ್ತದೆ. ರಾತ್ರಿ ಕೊರೆಯುವ ಚಳಿಯ ಮುನ್ಸೂಚನೆ ಇದ್ದರೆ ಪೈಪ್ ಬಿಚ್ಚಿ ಒಳಗಿಡಿ.

ಟ್ಯಾಂಕಿನ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಶೌಚದ ಬ್ಲ್ಯಾಕ್ ಟ್ಯಾಂಕಿನ ವಾಲ್ವ್ ಸದಾ ಮುಚ್ಚಿರಲಿ. ತೆರೆದಿಟ್ಟರೆ ನೀರು ಮಾತ್ರ ಹರಿದು ಹೋಗಿ ಗಟ್ಟಿ ಭಾಗ ಗುಡ್ಡೆಯಾಗಿ ಒಣಗುತ್ತದೆ, ಮತ್ತೆ ಕದಲಿಸುವುದು ಬಹಳ ಕಷ್ಟ. ಖಾಲಿ ಮಾಡುವಾಗ ಮೊದಲು ಬ್ಲ್ಯಾಕ್, ನಂತರ ಸಿಂಕು-ಸ್ನಾನದ ಗ್ರೇ. ಆ ಸೋಪಿನ ನೀರೇ ಪೈಪನ್ನು ತೊಳೆಯುತ್ತದೆ. ಕೊನೆಗೆ ಬ್ಲ್ಯಾಕ್ ಟ್ಯಾಂಕಿಗೆ ಹತ್ತು ಲೀಟರ್ ನೀರು, ಟ್ಯಾಂಕಿನ ಔಷಧ ಹಾಕಿ. ಚೊಂಬಿನಲ್ಲಿ ನೀರು ಬಳಸುವ ನಮ್ಮ ಮನೆಗಳಲ್ಲಿ ಈ ಟ್ಯಾಂಕ್ ಬೇಗ ತುಂಬುತ್ತದೆ, ಐದು ಜನಕ್ಕೆ ಎರಡು ದಿನಕ್ಕೊಮ್ಮೆ ನೋಡಿಕೊಳ್ಳಿ. ಸಾರು, ಒಗ್ಗರಣೆಯ ಎಣ್ಣೆ, ಸಾಸಿವೆ, ಕರಿಬೇವು ಸಿಂಕಿಗೆ ಹೋಗಕೂಡದು. ಪಾತ್ರೆಯನ್ನು ಪೇಪರಿನಲ್ಲಿ ಒರೆಸಿಯೇ ತೊಳೆಯಿರಿ. ಒಗ್ಗರಣೆಗೆ ಮುಂಚೆ ಛಾವಣಿಯ ಫ್ಯಾನ್ ಹಾಕಿ, ಇಲ್ಲದಿದ್ದರೆ ಹೊಗೆಯ ಅಲಾರಂ ಕೂಗಿ ಮಕ್ಕಳೆಲ್ಲ ಎದ್ದಾರು. ಬಫಲೋ 4,600 ಅಡಿ ಎತ್ತರದಲ್ಲಿದೆ. ನೀರು ಬೇಗ ಕುದಿಯುತ್ತದೆ, ಆದರೆ ಬೇಳೆ ಬೇಯಲು ಹೆಚ್ಚು ಹೊತ್ತು ಬೇಕು. ಕುಕ್ಕರ್ ಒಯ್ಯಿರಿ.

ಹೋಟೆಲುಗಳಲ್ಲಿ ದನದ ಮಾಂಸವೇ ಮುಖ್ಯ. ಬೀನ್ಸ್ (ಬೇಯಿಸಿದ ಕಾಳು) ಸಸ್ಯಾಹಾರವೆಂದು ತಿಳಿಯಬೇಡಿ, ಬೇಕನ್ ಅಥವಾ ಹಂದಿಕೊಬ್ಬು ಹಾಕಿದ್ದಾರೆಯೇ ಎಂದು ಕೇಳಿ.

ಊರನ್ನು ನಡೆದೇ ನೋಡಬಹುದು, ಗಾಡಿಯನ್ನು ಕ್ಯಾಂಪಿನಲ್ಲೇ ಬಿಡಿ. 28 ಅಡಿ ಗಾಡಿಯ ಬಾಲ ತಿರುವಿನಲ್ಲಿ ಎರಡು-ಮೂರಡಿ ಹೊರಗೆ ಬೀಸುತ್ತದೆ, ಪಕ್ಕದ ಕಾರಿಗೆ ತಗಲುವುದು ಹೀಗೆಯೇ. ಮಕ್ಕಳಿಗೆ ವಾಷಿಂಗ್ಟನ್ ಪಾರ್ಕಿನ ಉಚಿತ ಈಜುಕೊಳ, ಅತ್ತೆಯವರಿಗೆ ಕ್ಲಿಯರ್ ಕ್ರೀಕ್ ಪಕ್ಕದ ಕಾಲುದಾರಿ. ಜಿಮ್ ಗ್ಯಾಚೆಲ್ ಮ್ಯೂಸಿಯಮ್ಮನ್ನು ಬಿಡಲೇಬೇಡಿ. ಅಲ್ಲಿ ಕಾಣುವ ಕಥೆ ಇದು: 1892ರಲ್ಲಿ ದೊಡ್ಡ ದನದ ಧಣಿಗಳು ಬಾಡಿಗೆ ಬಂದೂಕುದಾರರೊಂದಿಗೆ ಸಣ್ಣ ಹಿಡುವಳಿದಾರರ ಮೇಲೆ ಏರಿ ಬಂದರು. ಊರಿನವರು ಅವರನ್ನು ಟಿಎ ರ್‍ಯಾಂಚಿನಲ್ಲಿ ಮುತ್ತಿದರು, ಕೊನೆಗೆ ಸೈನ್ಯ ಬಂದು ಬಿಡಿಸಿತು. ಇದು ತಿಳಿದರೆ ದಾರಿಯ ತಂತಿಬೇಲಿಗಳು ಬೇರೆಯಾಗಿ ಕಾಣುತ್ತವೆ.

ಬೆಳಿಗ್ಗೆ ಟೈರ್ ತಣ್ಣಗಿರುವಾಗಲೇ ಗಾಳಿ ನೋಡಿ, ಎಷ್ಟಿರಬೇಕೆಂಬುದು ಚಾಲಕನ ಬಾಗಿಲಿನ ಸ್ಟಿಕ್ಕರಿನಲ್ಲಿದೆ. ಪೆಟ್ರೋಲ್ ತುಂಬಿಸುವ ಮುನ್ನ ಗ್ಯಾಸ್ ಸಿಲಿಂಡರ್ ಮುಚ್ಚಿ. ವಯೋಮಿಂಗ್‌ನ ಬಂಕುಗಳಲ್ಲಿ 85 ಆಕ್ಟೇನ್ ಪೆಟ್ರೋಲ್ ಅಗ್ಗವಾಗಿ ಕಾಣುತ್ತದೆ, ಕೈಪಿಡಿ 87 ಎಂದಿದ್ದರೆ 87ನ್ನೇ ಹಾಕಿಸಿ. ಹೊಲಸು ಟ್ಯಾಂಕುಗಳು ಖಾಲಿ, ಶುದ್ಧ ನೀರು ಮೂರರಲ್ಲೊಂದು ಪಾಲು ಸಾಕು. 40 ಗ್ಯಾಲನ್ ನೀರೆಂದರೆ 150 ಕೆಜಿ, ಅದನ್ನು ಸುಮ್ಮನೆ ಬೆಟ್ಟ ಹತ್ತಿಸುವುದೇಕೆ? ಫೋರ್ಡ್ ಇ-450 ಗಾಡಿಯಾದರೆ ಗೇರ್ ಕಡ್ಡಿಯ ತುದಿಯ ಟೋ-ಹಾಲ್ ಗುಂಡಿ ಒತ್ತಿ. ಇಳಿಯುವಾಗ ಎಂಜಿನ್ನೇ ಗಾಡಿಯನ್ನು ತಡೆಯುತ್ತದೆ. ಬ್ರೇಕನ್ನು ಒತ್ತಿ ಬಿಡಿ, ಕಾಲಿಟ್ಟೇ ಇರಬೇಡಿ. ಸುಟ್ಟ ವಾಸನೆ ಬಂದರೆ ಅಗಲ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ, ನೀರು ಸುರಿಯಬೇಡಿ.

ಬೇಸಿಗೆಯಲ್ಲಿ ಬೆಟ್ಟದ ಮೇಲೆ ದನ, ಕುರಿ ಮೇಯುತ್ತವೆ, ರಸ್ತೆಗೂ ಬರುತ್ತವೆ. ಹಾರ್ನ್ ಬೇಡ. ನಿಂತು, ದನಗಾಹಿ ಕೈ ಬೀಸಿದ ಮೇಲೆ ನಡಿಗೆಯ ವೇಗದಲ್ಲಿ ದಾಟಿ. ಕುರಿಮಂದೆಯಲ್ಲಿ ದೊಡ್ಡ ಬಿಳಿ ನಾಯಿ ಕಂಡರೆ ಅದು ಕಾವಲಿನದು, ಮುದ್ದಿಸಲು ಮಕ್ಕಳನ್ನು ಇಳಿಸಬೇಡಿ. ಗೇಟು ತೆರೆದಿದ್ದರೆ ತೆರೆದೇ ಇರಲಿ, ಮುಚ್ಚಿದ್ದರೆ ದಾಟಿದ ಮೇಲೆ ಮತ್ತೆ ಮುಚ್ಚಿ.